ಹಸಿರು ಕ್ಯಾಂಪಸ್ಸಿನ ಒಣ ಸಂಪು

ಪರಿಸರ ಉಳಿಸಬೇಕೆಂದು ನಮ್ಮ ಕಾಲೇಜು ತೀರ್ಮಾನ ಮಾಡಿದಾಗಲೆಲ್ಲ ಪರಿಸರಕ್ಕೆ ಏನೂ ಆಗುತ್ತಿರಲಿಲ್ಲ. ನಮಗೇ ಏನಾದರೂ ಆಗುತ್ತಿತ್ತು. ಊರಿನ ಹೆಸರು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕುಗಳ ಹುಡುಗಿಯರು ಅಲ್ಲಿಯ ಹಾಸ್ಟೆಲ್ಲಿನಲ್ಲಿದ್ದೆವು. ಇದನ್ನು ಓದಿ ನಾಲ್ಕೂ ಕಡೆಯವರು ‘ಇದು ನಮ್ಮೂರ ಕಾಲೇಜೇ’ ಎಂದುಕೊಂಡರೆ ಹೊಣೆ ನನ್ನದಲ್ಲ.

ನಾನಾಗ ಬಿ.ಎಸ್ಸಿ. ಕೊನೆಯ ವರ್ಷ, ರಸಾಯನಶಾಸ್ತ್ರ. ಹಾಸ್ಟೆಲ್ ಕಾಲೇಜಿನ ಹಿಂದಿನ ಗೋಡೆಯ ಆಚೆಗಿತ್ತು. ಅದಕ್ಕೊಂದು ಸಂಪು, ಅಂದರೆ ನೆಲದೊಳಗಿನ ನೀರಿನ ತೊಟ್ಟಿ. ಬೋರ್‌ವೆಲ್ ಬತ್ತಿದ ಮೇಲೆ ಆ ಸಂಪಿಗೆ ಟ್ಯಾಂಕರ್ ನೀರೇ ಗತಿ. ಟ್ಯಾಂಕರ್ ಬಂದರೆ ಸ್ನಾನ, ಬರದಿದ್ದರೆ ಪೌಡರ್. ಮುಂದೆ ಬರೆದಿರುವುದೆಲ್ಲ ಆ ಸಂಪು ತುಂಬುವವರೆಗೆ ನಡೆದದ್ದು.

ನಾನು ಕಾರ್ಯದರ್ಶಿ ಆದದ್ದು

ಫೆಬ್ರವರಿಯಲ್ಲಿ ಸಂಪಿನ ತಳ ಕಂಡಿತು. ನನ್ನ ರೂಮ್‌ಮೇಟ್ ಮಸೂತಿ ಎಂಬ ಹಳ್ಳಿಯ ರೈತರ ಮನೆಯವಳು, ಮಾತಿನಲ್ಲಿ ಗಟ್ಟಿ. ಅವಳನ್ನು ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಹೋದೆ. ಕಾಲೇಜಿನ ಮಾಳಿಗೆಯ ತಾರಸಿಯಿಂದ ಮಳೆನೀರಿನ ಪೈಪು ನಮ್ಮ ಗೋಡೆಯ ಹತ್ತಿರವೇ ಇಳಿದು, ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿದೆ. ಅದನ್ನು ಸಂಪಿಗೆ ಜೋಡಿಸಿದರೆ ಮಳೆಗಾಲಕ್ಕೆ ನಮ್ಮ ಚಿಂತೆ ತಪ್ಪುತ್ತದೆ. ಅಲ್ಲಿಯವರೆಗೆ ಟ್ಯಾಂಕರ್ ಹೆಚ್ಚಿಸಬೇಕು. ಇಷ್ಟನ್ನು ಕ್ರಮವಾಗಿ ಹೇಳಿದೆ. ಚಿತ್ರವನ್ನೂ ಬರೆದು ಒಯ್ದಿದ್ದೆ.

ಪ್ರಾಚಾರ್ಯರಿಗೆ ಚಿತ್ರ ಬಹಳ ಹಿಡಿಸಿತು. ಕಾಲೇಜಿಗೆ ‘ಹಸಿರು ಕ್ಯಾಂಪಸ್’ ದರ್ಜೆ ಕೊಡಬೇಕೋ ಬೇಡವೋ ಎಂದು ನೋಡಲು ಏಪ್ರಿಲ್‌ನಲ್ಲಿ ಒಂದು ಕಮಿಟಿ ಬರುವುದಿತ್ತು. ಅದಕ್ಕಾಗಿ ಹೊಸದಾಗಿ ಹುಟ್ಟಿದ ಪರಿಸರ ಸಂಘಕ್ಕೆ ವಿದ್ಯಾರ್ಥಿ ಕಾರ್ಯದರ್ಶಿ ಬೇಕಾಗಿತ್ತು. ನೀರಿನ ಬಗ್ಗೆ ಇಷ್ಟು ಕಳಕಳಿ ಇರುವವಳು ಕಾಲೇಜಿನಲ್ಲಿ ಇನ್ನೊಬ್ಬಳಿಲ್ಲವೆಂದು ನನ್ನನ್ನೇ ನೇಮಿಸಿದರು. ಪೈಪಿನ ವಿಷಯ ಕಮಿಟಿ ಬಂದು ಹೋದ ಮೇಲೆ ನೋಡೋಣ ಎಂದರು.

ಕಾರ್ಯದರ್ಶಿಯ ಮೊದಲ ಕೆಲಸ, ‘ನೀರು ಅಮೂಲ್ಯ, ಮಿತವಾಗಿ ಬಳಸಿ’ ಎಂಬ ಚೀಟಿಯನ್ನು ಹಾಸ್ಟೆಲ್ಲಿನ ಪ್ರತಿ ನಲ್ಲಿಯ ಮೇಲೂ ಅಂಟಿಸುವುದು. ಅಂಟು ಕಲಸಲು ನೀರು ಬೇಕಾಯಿತು. ಕಾಲೇಜಿನ ಆಫೀಸಿನಿಂದ ತಂದೆ. ಅಂಟಿಸಿ ಮುಗಿಸಿದಾಗ ರೂಮ್‌ಮೇಟ್ ಬಂದು ಒಂದು ನಲ್ಲಿ ತಿರುವಿದಳು. ಅದು ಬುಸ್ ಎಂದಿತು.

“ಬರೇ ಗಾಳಿ ಬರಾಕತ್ತೈತಿ,” ಅಂದಳು. “ಕಾರ್ಯದರ್ಶಿ ಮೇಡಮ್ಮಾರ, ಇದನ್ನೂ ಮಿತವಾಗಿ ಬಳಸ್ಬೇಕೇನ್ರಿ?”

ಪ್ಲಾಸ್ಟಿಕ್‌ಮುಕ್ತ ಬ್ಯಾನರ್

ಸಂಘದ ಮಾರ್ಗದರ್ಶಕರು ಇತಿಹಾಸದ ಸರ್. ಪ್ರಾಮಾಣಿಕ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. ಅವರು ಗೇಟಿಗೆ ‘ಪ್ಲಾಸ್ಟಿಕ್‌ಮುಕ್ತ ಆವರಣ’ ಎಂದು ಫ್ಲೆಕ್ಸ್ ಮಾಡಿಸಲು ಹೊರಟರು. ಫ್ಲೆಕ್ಸ್ ಕೂಡ ಪ್ಲಾಸ್ಟಿಕ್ಕೇ ಎಂದು ನಾನು ನೆನಪಿಸಿದೆ. ಇತಿಹಾಸದಲ್ಲಿ ಇಂಥ ತೊಡಕು ಬರುವುದಿಲ್ಲ. ಕೊನೆಗೆ ಸರ್ ನನ್ನ ಮಾತು ಒಪ್ಪಿ, ಬಿಳಿ ಬಟ್ಟೆಯ ಮೇಲೆ ಪೇಂಟರ್ ಕಡೆಯಿಂದ ಹಸಿರು ಅಕ್ಷರದಲ್ಲಿ ಬರೆಸಿದರು. ನನಗೆ ಮೊದಲ ಸಲ ಕಾರ್ಯದರ್ಶಿ ಎನ್ನಿಸಿತು.

ಗೇಟಿನ ಮುಂದಿನ ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ. ಧೂಳಿಗೆ ಬಟ್ಟೆ ಬೇಗ ಕಂದುಬಣ್ಣಕ್ಕೆ ತಿರುಗಿತು. ಅದನ್ನು ಒಗೆಸಿ ಮತ್ತೆ ಕಟ್ಟಿಸಿದರು. ಮರುದಿನ ಹೋಗಿ ನೋಡುತ್ತೇನೆ, ಬ್ಯಾನರಿಗೆ ಮೇಲಿಂದ ಕೆಳಗಿನವರೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಟೇಪು ಹಚ್ಚಿದ್ದಾರೆ.

ನಾನು ನೋಡುತ್ತ ನಿಂತೆ. ಸರ್ ತಾವೇ ಹತ್ತಿರ ಬಂದು ಸಮಾಧಾನ ಹೇಳಿದರು.

“ನೀ ಹೇಳಿದಂಗ ಬಟ್ಟೀದ ಮಾಡ್ಸೇನಲ್ಲವಾ. ಅದು ಹಾಳಾಗಬಾರ್ದಲ್ಲ. ಪ್ಲಾಸ್ಟಿಕ್ ಇಲ್ಲಂದ್ರ ಪ್ಲಾಸ್ಟಿಕ್‌ಮುಕ್ತ ಉಳಿಯೂದರ ಹೆಂಗ?”

ಉಪನ್ಯಾಸ

ಮಾರ್ಚ್ ಕೊನೆಗೆ ಭೂಮಿಯ ತಾಪಮಾನ ಏರಿಕೆಯ ಬಗ್ಗೆ ಹೊರಗಿನ ತಜ್ಞರೊಬ್ಬರ ಉಪನ್ಯಾಸ ನಿಗದಿಯಾಗಿತ್ತು. ನಮ್ಮ ಸಭಾಭವನಕ್ಕೆ ತಗಡಿನ ಚಾವಣಿ. ಮಧ್ಯಾಹ್ನ ಒಳಗೆ ಕಾಲಿಟ್ಟರೆ ಉಪನ್ಯಾಸದ ಅಗತ್ಯವೇ ಇರುವುದಿಲ್ಲ. ಆ ದಿನ ಬೆಳಿಗ್ಗೆ ಸೂಚನಾ ಫಲಕದಲ್ಲಿ ಹೀಗಿತ್ತು: ‘ವಿಪರೀತ ಬಿಸಿಲಿನ ಕಾರಣ ತಾಪಮಾನ ಏರಿಕೆಯ ಉಪನ್ಯಾಸವನ್ನು ಮುಂದೂಡಲಾಗಿದೆ. ಹವೆ ತಂಪಾದ ಮೇಲೆ ದಿನಾಂಕ ತಿಳಿಸಲಾಗುವುದು.’

ನಾನು ಪದವಿ ಮುಗಿಸಿ ಬಂದೆ. ದಿನಾಂಕ ಇನ್ನೂ ತಿಳಿದಿಲ್ಲ.

ಭೂಮಿಗೆ ಭಾರವಾಗದವರು

ಕಮಿಟಿಗೆ ತೋರಿಸಲು ಇಂಗಾಲದ ಹೆಜ್ಜೆಗುರುತಿನ ಲೆಕ್ಕ ಬೇಕೆಂದರು. ಒಬ್ಬೊಬ್ಬರು ತಮ್ಮ ದಿನನಿತ್ಯದ ಬದುಕಿನಿಂದ ಗಾಳಿಗೆ ಎಷ್ಟು ಹೊಗೆ ಸೇರಿಸುತ್ತಾರೆ ಎಂಬ ಲೆಕ್ಕ ಅದು. ಇದು ನನಗೆ ಇಷ್ಟದ ಕೆಲಸ. ಯಾವ ಗಾಡಿಯಲ್ಲಿ ಬರುತ್ತೀರಿ, ಫ್ಯಾನು ಎಷ್ಟು ಹೊತ್ತು, ಬಿಸಿನೀರು ಎಷ್ಟು, ಇಸ್ತ್ರಿ ಎಷ್ಟು ಸಲ ಎಂದು ಪ್ರಾಚಾರ್ಯರಿಂದ ಹಿಡಿದು ಎಲ್ಲರನ್ನೂ ಕೇಳಿದೆ. ಅಧ್ಯಾಪಕರು ವಿಜಯಪುರದಿಂದ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬರುತ್ತಿದ್ದರು. ಹಳ್ಳಿಯ ಹುಡುಗರು ಒಂದೇ ಟೆಂಪೋದ ಒಳಗೆ, ಹಿಂದೆ, ಮೇಲೆ ಬರುತ್ತಿದ್ದರು.

ಎಲ್ಲರಿಗಿಂತ ಕಡಿಮೆ ಇಂಗಾಲ ಬಿಡುವವರು ಹಾಸ್ಟೆಲ್ ಹುಡುಗಿಯರು ಎಂದು ಲೆಕ್ಕ ಹೇಳಿತು. ಕಾರಣಗಳನ್ನೂ ಕೆಳಗೆ ಬರೆದೆ. ಗಾಡಿ ಇಲ್ಲ. ಫ್ಯಾನು ಕೆಟ್ಟಿವೆ. ಗೀಸರ್ ಇದೆ, ಅದಕ್ಕೆ ನೀರಿಲ್ಲ. ನೀರಿಲ್ಲದ್ದರಿಂದ ಬಟ್ಟೆ ಒಗೆಯುವುದಿಲ್ಲ; ಒಗೆಯದ್ದರಿಂದ ಇಸ್ತ್ರಿ ಇಲ್ಲ. ಇದನ್ನು ಓದಿದರೆ ಪ್ರಾಚಾರ್ಯರು ನಾಚಿ ಟ್ಯಾಂಕರ್ ಕಳಿಸಿಯಾರು ಎಂಬುದು ನನ್ನ ಒಳಲೆಕ್ಕ.

ಅವರು ಫಲಿತಾಂಶ ಓದಿದರು, ಕಾರಣ ಓದಲಿಲ್ಲ. ಸಭೆ ಸೇರಿಸಿ ನಮ್ಮನ್ನೆಲ್ಲ ವೇದಿಕೆಗೆ ಕರೆದರು. ದೊಡ್ಡ ಊರಿನವರು ಈ ಹೆಣ್ಣುಮಕ್ಕಳನ್ನು ನೋಡಿ ಕಲಿಯಬೇಕು, ಇವರು ಭೂಮಿಗೆ ಭಾರವೇ ಆಗಿಲ್ಲ ಎಂದು ಹೊಗಳಿದರು. ಸಭಿಕರು ಚಪ್ಪಾಳೆ ತಟ್ಟಿದರು. ನಮ್ಮ ಪಕ್ಕ ನಿಂತವರು ಸ್ವಲ್ಪ ಸರಿದು ನಿಂತಿದ್ದರು. ಆ ದಿನ ನಮ್ಮ ಸ್ನಾನದ ಸರದಿ ಇನ್ನೂ ಬಂದಿರಲಿಲ್ಲ. ಬಹುಮಾನವಾಗಿ ತಲೆಗೊಂದು ಸ್ಟೀಲಿನ ನೀರಿನ ಬಾಟಲಿ ಕೊಟ್ಟರು.

ಕೆಳಗಿಳಿದ ಮೇಲೆ ರೂಮ್‌ಮೇಟ್ ಮುಚ್ಚಳ ತೆಗೆದು ಖಾಲಿ ಬಾಟಲಿಯೊಳಗೆ ಇಣುಕಿದಳು. ಏನು ನೋಡುತ್ತೀ ಎಂದು ಕೇಳಿದೆ.

“ಏನಿಲ್ಲವಾ,” ಅಂದಳು. “ನಮ್ಮ ಸಂಪು ಮರಿ ಹಾಕೇತಿ.”

ಕಮಿಟಿ ಬಂದದ್ದು

ಏಪ್ರಿಲ್ ಬಂತು. ಮಾಳಿಗೆಯಿಂದ ಇಳಿದ ಆ ಪೈಪಿನ ಬಾಯಿಗೆ ನೀಲಿ ಡ್ರಮ್ ಇಟ್ಟು, ಡ್ರಮ್ಮಿಗೆ ಹೊಳೆಯುವ ನಲ್ಲಿ ಕೂರಿಸಿ, ‘ಮಳೆನೀರು ಕೊಯ್ಲು ಘಟಕ’ ಎಂಬ ಫಲಕ ನಿಲ್ಲಿಸಿದರು. ಎಲ್ಲ ಇತ್ತು, ಮಳೆ ಮಾತ್ರ ಇರಲಿಲ್ಲ.

ಪ್ರಾಚಾರ್ಯರು ಅದಕ್ಕೂ ದಾರಿ ಹುಡುಕಿದರು. ಹಿಂದಿನ ದಿನವೇ ಮಾಳಿಗೆಯ ಮೇಲೆ ಆ ಪೈಪು ಶುರುವಾಗುವ ತೂತಿಗೆ ಗೋಣಿಚೀಲ ತುರುಕಿ, ಟ್ಯಾಂಕರ್ ನೀರನ್ನು ಪಂಪಿನಿಂದ ಮೇಲೆ ಹತ್ತಿಸಿ ನಿಲ್ಲಿಸುವುದು. ಇತಿಹಾಸದ ಸರ್ ಮೇಲೆ ಅಡಗಿ ಕೂರುವುದು. ಕಮಿಟಿ ಡ್ರಮ್ಮಿನ ಮುಂದೆ ಬಂದಾಗ ಪ್ರಾಚಾರ್ಯರು ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುವುದು. ಸರ್ ಗೋಣಿಚೀಲ ಎಳೆಯುವುದು. ಅಧ್ಯಕ್ಷರು ನಲ್ಲಿ ತಿರುವುವುದು.

ತೊಂದರೆ ಒಂದೇ. ಆ ಟ್ಯಾಂಕರ್ ನಮ್ಮ ಹಾಸ್ಟೆಲ್ಲಿನದು. ಪ್ರಾಯೋಗಿಕ ಪರೀಕ್ಷೆಯ ವಾರ, ಮುಖ ತೊಳೆಯಲು ಕೂಡ ನೀರಿಲ್ಲ. ನಾನೂ ರೂಮ್‌ಮೇಟೂ ಹೋಗಿ ಕೇಳಿದೆವು. ಒಂದು ದಿನ ತಡೆದುಕೊಳ್ಳಿ, ಕಾಲೇಜಿನ ಮಾನದ ಪ್ರಶ್ನೆ ಎಂದರು. ನಾನು ಲೆಕ್ಕ ಹಾಕಿದೆ. ಡ್ರಮ್ ಕ್ಷಣದಲ್ಲಿ ತುಂಬುತ್ತದೆ. ಮಾಳಿಗೆಯ ಮೇಲೆ ಉಳಿದ ನೀರಷ್ಟೂ ನಮ್ಮ ಒಣ ಸಂಪಿನ ಪಕ್ಕದ ಮಣ್ಣಿಗೆ ಹೋಗುತ್ತದೆ. ರೂಮ್‌ಮೇಟ್ ಲೆಕ್ಕ ಪೂರ್ತಿ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಮಸೂತಿಗೆ ಹೋಗಿ, ಬೆಳಗಿನ ಮೊದಲ ಬಸ್ಸಿಗೆ ಅಪ್ಪನ ಹೊಲದ ಕರಿ ಪೈಪಿನ ಸುರುಳಿ ಹೊತ್ತು ತಂದಳು. ಕಂಡಕ್ಟರ್ ಪೈಪಿಗೂ ಒಂದು ಸೀಟು ಹಿಡಿದುಕೊಟ್ಟನಂತೆ.

ಯಾರೂ ಬರುವ ಮೊದಲೇ ಕರಿ ಪೈಪಿನ ಒಂದು ತುದಿಯನ್ನು ಮಾಳಿಗೆಯ ಪೈಪಿಗೆ ಸೈಕಲ್ ಟ್ಯೂಬಿನಿಂದ ಬಿಗಿದೆವು. ಇನ್ನೊಂದು ತುದಿ ಗೋಡೆಯ ಕಿಂಡಿಯಿಂದ ನಮ್ಮ ಸಂಪಿಗೆ. ಜೋಡಣೆ ಕಾಣದ ಹಾಗೆ ಡ್ರಮ್ಮನ್ನು ಮುಂದೆ ನಿಲ್ಲಿಸಿದೆವು.

ಕಮಿಟಿಯ ಅಧ್ಯಕ್ಷರು ಬೆಂಗಳೂರಿನ ಕಡೆಯ ಮೇಡಂ. ಗೇಟಿನಲ್ಲಿ ಅವರನ್ನು ಸ್ವಾಗತಿಸಿದ ಪ್ರಾಚಾರ್ಯರು ಆ ಬಿಸಿಲಿಗೆ ತಡೆಯಲಾರದೆ, ಯೋಚನೆ ಮಾಡದೆ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮೇಲಿಂದ ನೋಡುತ್ತಿದ್ದ ಇತಿಹಾಸದ ಸರ್ ತಮ್ಮ ಕರ್ತವ್ಯ ಮಾಡಿದರು.

ಕಮಿಟಿ ಬ್ಯಾನರ್ ನೋಡಿ, ಸಸಿಗಳನ್ನು ನೋಡಿ, ನಿಂಬೆ ಶರಬತ್ತು ಕುಡಿದು ಡ್ರಮ್ಮಿನ ಮುಂದೆ ಬಂತು. ಪ್ರಾಚಾರ್ಯರು ಮುಖ ಒರೆಸಿಕೊಂಡರು. ಮೇಡಂ ನಲ್ಲಿ ತಿರುವಿದರು. ಏನೂ ಇಲ್ಲ. ಪ್ರಾಚಾರ್ಯರು ಕುತ್ತಿಗೆ ಒರೆಸಿಕೊಂಡರು, ಕಿವಿ ಒರೆಸಿಕೊಂಡರು, ಕನ್ನಡಕ ಒರೆಸಿದರು. ಮಾಳಿಗೆಯ ಅಂಚಿನಲ್ಲಿ ಇತಿಹಾಸದ ಸರ್ ತಲೆ ಎತ್ತಿ, ತೊಟ್ಟಿಕ್ಕುವ ಗೋಣಿಚೀಲವನ್ನು ದೈನ್ಯದಿಂದ ತೋರಿಸಿ ಮತ್ತೆ ಮರೆಯಾದರು.

ಆಗ ಗೋಡೆಯ ಆಚೆ ಬಕೆಟ್ಟಿನ ಸದ್ದು ಕೇಳಿತು. ಸಾಲು ಹಚ್ಚಿ ನಿಲ್ಲಿರೆಂದು ವಾರ್ಡನ್ ಅಕ್ಕಾರು ಕೂಗುತ್ತಿದ್ದರು. ಮೇಡಂ ಡ್ರಮ್ಮಿನ ಹಿಂದೆ ಬಗ್ಗಿ ಕರಿ ಪೈಪು ನೋಡಿದರು. ಅದರ ಜಾಡು ಹಿಡಿದು ಹಾಸ್ಟೆಲ್ಲಿಗೆ ನಡೆದರು. ನಾವೆಲ್ಲ ಹಿಂದೆ. ಸಂಪು ಬಾಯಿತನಕ ತುಂಬಿತ್ತು. ಹುಡುಗಿಯರು ತಲೆ ತೊಳೆದುಕೊಳ್ಳುತ್ತಿದ್ದರು. ಈ ನೀರು ಎಲ್ಲಿಂದ ಬಂತೆಂದು ಮೇಡಂ ಕೇಳಿದರು. ಕಾಲೇಜಿನ ಮಾಳಿಗೆ ಮೇಲಿಂದ ಎಂದು ರೂಮ್‌ಮೇಟ್ ಹೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೇಡಂ ಮನಸ್ಸು ತುಂಬಿ ಮಾತಾಡಿದರು. ಎಲ್ಲ ಕಾಲೇಜುಗಳಲ್ಲೂ ತಮಗೆ ಡ್ರಮ್ ತೋರಿಸುತ್ತಾರಂತೆ. ಡ್ರಮ್ ಒಣಗಿ ಮಕ್ಕಳ ತೊಟ್ಟಿ ತುಂಬಿದ್ದನ್ನು ಇಲ್ಲೇ ಮೊದಲು ಕಂಡದ್ದಂತೆ. ನಮ್ಮ ಉದ್ದೇಶವೇ ಅದಾಗಿತ್ತು ಎಂದು ಪ್ರಾಚಾರ್ಯರು ಕೈಮುಗಿದರು. ಮೇಡಂ ಒಮ್ಮೆ ಆಕಾಶ ನೋಡಿದರು.

“ಮಳೆ ಯಾವಾಗ ಬಂತು ಸರ್? ದಾರಿಯಲ್ಲಿ ಎಲ್ಲೂ ಒಂದು ಹನಿ ಕಾಣಲಿಲ್ಲ.”

“ನಿನ್ನಿ ಸಂಜಿಗಿ ಆತ್ರಿ. ಕ್ಯಾಂಪಸ್ ಹಸಿರೈತಲ್ಲರಿ, ಹಿಂಗಾಗಿ ಇಲ್ಲಷ್ಟ ಆಗತೈತ್ರಿ.”

ಉತ್ತಮ ದರ್ಜೆ ಬಂತು. ಜೊತೆಗೆ ಒಂದು ಷರತ್ತೂ ಬಂತು: ಮಳೆನೀರಿನಿಂದ ತುಂಬಿದ ಹಾಸ್ಟೆಲ್ ಸಂಪಿನ ಫೋಟೊವನ್ನು ವಾರಕ್ಕೊಮ್ಮೆ ಕಳಿಸುತ್ತಿರಬೇಕು. ಅಂದಿನಿಂದ ನಮ್ಮ ಕ್ಯಾಂಪಸ್ಸಿನಲ್ಲಿ ವಾರ ತಪ್ಪದೆ ಮಳೆಯಾಯಿತು. ಟ್ಯಾಂಕರ್ ಹಾಸ್ಟೆಲ್ಲಿನ ಸಂಪು ದಾಟಿ ಕಾಲೇಜಿನ ಹಿಂದೆ ಹೋಗಿ ನಿಲ್ಲುತ್ತಿತ್ತು. ಪಂಪು ನೀರನ್ನು ಮಾಳಿಗೆಗೆ ಹತ್ತಿಸುತ್ತಿತ್ತು. ಇತಿಹಾಸದ ಸರ್ ಗೋಣಿಚೀಲ ಎಳೆಯುತ್ತಿದ್ದರು. ಅದೇ ನೀರು ಕರಿ ಪೈಪಿನಿಂದ ಮರಳಿ ಸಂಪಿಗೆ ಬರುತ್ತಿತ್ತು. ಅರ್ಧ ದಿನದ ಕೆಲಸ.

ಒಮ್ಮೆ ವಾರ್ಡನ್ ಅಕ್ಕಾರು ತಡೆಯಲಾರದೆ ಪ್ರಾಚಾರ್ಯರನ್ನು ಕೇಳಿಯೇ ಬಿಟ್ಟರು.

“ಸರ್, ಟ್ಯಾಂಕರ್ ಹೆಂಗೂ ನಮ್ಮ ಸಂಪಿನ ಮುಂದ ಹಾದು ಹೋಗತೈತಿ. ಸೀದಾ ಇದಕ್ಕ ಬಿಟ್ರ ಆಗೂದಿಲ್ಲೇನ್ರಿ?”

ಪ್ರಾಚಾರ್ಯರು ಅವರನ್ನು ಮರುಕದಿಂದ ನೋಡಿದರು.

“ಸೀದಾ ಬಿಟ್ರ ಅದು ಟ್ಯಾಂಕರ್ ನೀರ ಆಗತೈತವಾ. ಮ್ಯಾಲಿಂದ ಬಂದ್ರನ ಮಳಿ ನೀರು.”