ವಾರ್ಡರಮ್ಮನ ಟಾರ್ಚು

ಮದುವೆಗೆ ಗಂಡನ್ನು ಒಪ್ಪಿಕೊಳ್ಳಲು ನನಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಾಗಿತ್ತು. ಒಂದು ಟಾರ್ಚನ್ನು ಒಪ್ಪಿಕೊಳ್ಳಲು ಮಳೆಗಾಲ ಪೂರ್ತಿ ಹಿಡಿಯಿತು. ಇದನ್ನೇನೂ ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ನಮ್ಮ ಯಜಮಾನರು ಕೃಷ್ಣಪ್ಪನವರು ಮನೆಗೆ ಬಂದ ನೆಂಟರಿಗೆಲ್ಲ ಇದನ್ನು ಹೇಳಿ, "ನನ್ನೂ ಆ ಟಾರ್ಚ್ ಥರಾನೇ ಒಂದ್ಸಲ ನೆಲಕ್ಕೆ ಎತ್ತಾಕಿ ನೋಡಿದ್ರೆ ಚೆನ್ನಾಗಿರ್ತಿತ್ತು. ಗಟ್ಟಿ ಅದೀನೋ ಇಲ್ವೋ ಆವತ್ತೇ ಗೊತ್ತಾಗ್ತಿತ್ತು" ಎಂದು ನಗುತ್ತಾರೆ. ನೆಂಟರೂ ನಗುತ್ತಾರೆ. ನಾನು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತೇನೆ.

ನಾನು ಜೈಲಿನ ಹೆಂಗಸರ ವಿಭಾಗದಲ್ಲಿ ವಾರ್ಡರ್. ಬೂದಿಕೋಟೆಯ ಹತ್ತಿರದ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್ ಕಡೆ ಹೋಗಿ ಬರುವವಳು. ರೈಲಿನಲ್ಲಿ ಯಾರಾದರೂ "ಏನ್ ಕೆಲ್ಸಮ್ಮಾ?" ಎಂದರೆ ಮೊದಮೊದಲು "ಗೌರ್ಮೆಂಟ್ ಕೆಲಸ" ಎಂದು ಹೇಳಿ ಕಿಟಕಿಯ ಕಡೆ ನೋಡುತ್ತಿದ್ದೆ. ಒಂದು ದಿನ ಬಾಯಿ ತಪ್ಪಿ "ಜೈಲಿನಲ್ಲಿದ್ದೀನಿ" ಎಂದುಬಿಟ್ಟೆ. ಪಕ್ಕದ ಹೆಂಗಸು ತನ್ನ ಚೀಲವನ್ನು ಎತ್ತಿ ಆ ಕಡೆಯ ತೊಡೆಯ ಮೇಲಿಟ್ಟುಕೊಂಡು, ತಾನೂ ಸಾಕಷ್ಟು ದೂರ ಸರಿದಳು. ನನಗೆ ಕಾಲು ಚಾಚಿ ಕೂರುವಷ್ಟು ಜಾಗವಾಯಿತು. ಅಂದಿನಿಂದ ರೈಲಿನಲ್ಲಿ ರಶ್ ಇದ್ದ ದಿನಗಳಲ್ಲಿ ನಾನು ಯಾರೂ ಕೇಳದಿದ್ದರೂ ನಿಜ ಹೇಳುತ್ತೇನೆ.

ನಮ್ಮ ಜೈಲು ಸಣ್ಣದು. ಹೆಂಗಸರ ವಿಭಾಗವಂತೂ ಇನ್ನೂ ಸಣ್ಣದು, ಒಂದು ಅಂಗಳ, ಒಂದು ದೊಡ್ಡ ಕೋಣೆ, ಪಕ್ಕದಲ್ಲಿ ಅಡುಗೆಮನೆಯ ಗೋಡೆ. ಸಾಯಂಕಾಲ ಎಲ್ಲರನ್ನೂ ಎಣಿಸಿ ಒಳಗೆ ಕಳಿಸಿ, ಮೂಲೆ ಮುಡುಕು ನೋಡಿ, ಸರಳುಗಳನ್ನು ತಟ್ಟಿ, ಬೀಗ ಹಾಕಬೇಕು. ಮಳೆಗಾಲದಲ್ಲಿ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಜನರೇಟರ್ ಇದೆ, ಆದರೆ ಅದಕ್ಕೆ ಮನಸ್ಸು ಬಂದಾಗ ಮಾತ್ರ ಶುರುವಾಗುತ್ತದೆ. ಉಳಿದದ್ದು ಗೇಟಿನ ಗೂಟಕ್ಕೆ ನೇತುಹಾಕಿದ್ದ ಸರ್ಕಾರಿ ಟಾರ್ಚು. ನನ್ನ ಮೊಣಕೈಯಿಂದ ಬೆರಳತುದಿಯವರೆಗಿನ ಉದ್ದ, ಒನಕೆಯ ತೂಕ, ಅಂಗೈಗೆ ಬಡಿದರೆ ಉರಿಯುವ ಸ್ವಭಾವ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಲಾಠಿ, ಟಾರ್ಚು ಕಂಕುಳಲ್ಲಿ. ಬೀಗ ಹಾಕಲು ಬಗ್ಗಿದರೆ ಬೆಳಕು ನೇರವಾಗಿ ಅಂಗಳದ ಹುಣಿಸೆಮರದ ಮೇಲೆ ಬೀಳುತ್ತಿತ್ತು. ಒಳಗಿರುವ ಹೆಂಗಸರನ್ನು ಬಿಟ್ಟು ಮರದ ಮೇಲಿನ ಕಾಗೆಗಳನ್ನು ಎಣಿಸಿದ ಹಾಗಾಗುತ್ತಿತ್ತು.

ನಮ್ಮ ಸಾಹೇಬರು ಒಂದು ದಿನ ಎಲ್ಲರನ್ನೂ ನಿಲ್ಲಿಸಿ, ಡ್ಯೂಟಿಯ ಮೇಲಿರುವ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಸಣ್ಣ ಟಾರ್ಚು ಇರಲೇಬೇಕು ಎಂದರು. ಮೇಲಿನಿಂದ ಬರುವವರೆಗೆ "ನಿಮ್ಮ ನಿಮ್ಮ ಅನುಕೂಲ ನೋಡ್ಕೊಳ್ಳಿ" ಎಂದೂ ಸೇರಿಸಿದರು. ಅನುಕೂಲ ಎಂದರೆ ಏನು ಎಂದು ನೌಕರಿ ಮಾಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದು ನಮ್ಮ ಪರ್ಸಿನಲ್ಲಿಯೇ ಇರುತ್ತದೆ.

ಮನೆಯಲ್ಲಿ ವಿಷಯ ಎತ್ತಿದೆ. ಯಜಮಾನರು ಹಾಲು ಕರೆದು ಕ್ಯಾನು ತೊಳೆಯುತ್ತಿದ್ದರು. "ತಗೋ. ಆದ್ರೆ ಒಂದ್ ಮೂಟೆ ಹಿಂಡಿ ರೇಟ್ ದಾಟ್ಬಾರ್ದು" ಎಂದರು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಅಳತೆ, ಸೀರೆಗೂ ಅಷ್ಟೆ. ಸರಿ ಎಂದು ಫೋನಿನಲ್ಲಿ ಟಾರ್ಚುಗಳ ವಿಡಿಯೋ ನೋಡಲು ಕೂತೆ. ಯಾವುದೋ ಕಾಡಿನಲ್ಲಿ ಗಡ್ಡದ ದಪ್ಪ ಮನುಷ್ಯರು ಟಾರ್ಚುಗಳನ್ನು ಹೊಳೆಗೆ ಎಸೆಯುತ್ತಿದ್ದರು, ಮಂಜುಗಡ್ಡೆಯೊಳಗೆ ಹೂಳುತ್ತಿದ್ದರು, ಅವುಗಳ ಮೇಲೆ ಜೀಪು ಹತ್ತಿಸುತ್ತಿದ್ದರು. ಒಬ್ಬನೂ ಅದರಿಂದ ಏನನ್ನೂ ಹುಡುಕುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಲ್ಯೂಮೆನ್, ಲ್ಯೂಮೆನ್. ಬೆಳಕಿನ ಅಳತೆಯ ಆ ಮಾತನ್ನು ನಾನೂ ಕಲಿತು, "ರೀ, ಲ್ಯೂಮೆನ್ಸ್ ಜಾಸ್ತಿ ಇರ್ಬೇಕಂತೆ" ಎಂದೆ. ಅವರು ಕ್ಯಾನಿನಿಂದ ತಲೆ ಎತ್ತಿ, "ಅದ್ ಯಾವ್ ಔಸ್ದಿ? ಬೂಸಾಕ್ಕೆ ಕಲಸಿ ಕೊಡೋದಾ?" ಎಂದು ಕೇಳಿದರು.

ಕೊನೆಗೆ ಫೋನಿನಲ್ಲೇ ಒಂದನ್ನು ತರಿಸಿದೆ. ಮಿಲಿಟರಿಯವರು ಬಳಸುವುದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಸುತ್ತ ಗುಂಡಿಗಳು. ಮೊದಲ ದಿನವೇ ಠೀವಿಯಿಂದ ಸಾಯಂಕಾಲದ ಎಣಿಕೆಗೆ ಹೋದೆ. ಎಲ್ಲರೂ ಸಾಲಾಗಿ ನಿಂತಿದ್ದರು. ಗುಂಡಿ ಒತ್ತಿದೆ. ಬೆಳಕು ಪಕ್ ಪಕ್ ಎಂದು ಮಿನುಗತೊಡಗಿತು. ಆರಿಸೋಣ ಎಂದು ಮತ್ತೆ ಒತ್ತಿದೆ, ಇನ್ನೂ ಬೇಗ ಬೇಗ ಮಿನುಗಿತು. ಮೂರನೆಯದನ್ನು ಒತ್ತಿದಾಗ ಕೆಂಪು ನೀಲಿ ಬಣ್ಣಗಳು ಶುರುವಾದವು. ಗೇಟಿನಲ್ಲಿದ್ದವರು ನಮ್ಮ ಹಿರಿಯ ವಾರ್ಡರ್ ಸೆಲ್ವಂ ಅಣ್ಣ. ಒಳಗಿನಿಂದ ಮಿನುಗುವ ಬೆಳಕು ಬಂದರೆ ಅಪಾಯವೆಂದು ತಿಳಿಯಬೇಕೆಂದು ಅವರಿಗೆ ಯಾವುದೋ ಕಾಲದಲ್ಲಿ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ. ಅದನ್ನು ಬಳಸಲು ಅಲ್ಲಿಯವರೆಗೆ ಅವರಿಗೆ ಒಂದು ಅವಕಾಶವೂ ಸಿಕ್ಕಿರಲಿಲ್ಲ. ಗಂಟೆಯನ್ನು ಎರಡೂ ಕೈಯಿಂದ ಬಾರಿಸಿದರು.

ಗಂಡಸರ ವಿಭಾಗದಿಂದ ಲಾಠಿ ಹಿಡಿದವರೆಲ್ಲ ಓಡಿ ಬಂದರು. ಸಾಹೇಬರು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಬಂದರು. ಬಂದವರೆಲ್ಲ ನೋಡಿದ್ದೇನೆಂದರೆ, ಸಾಲಾಗಿ ಶಿಸ್ತಿನಿಂದ ನಿಂತಿರುವ ಕೈದಿಗಳು ಮತ್ತು ಅವರ ಮುಂದೆ ಕೆಂಪು ನೀಲಿ ಬೆಳಕಿನೊಡನೆ ಗುದ್ದಾಡುತ್ತಿರುವ ಸರ್ಕಾರಿ ನೌಕರಳು. ಸೆಲ್ವಂ ಅಣ್ಣ ಏದುಸಿರು ಬಿಡುತ್ತಾ, "ಎನ್ನಮ್ಮಾ ಇದು? ಜೈಲಾ, ಇಲ್ಲಾ ಕಲ್ಯಾಣ ಮಂಟಪವಾ?" ಎಂದರು. ಚಪ್ಪಾಳೆ ತಟ್ಟಿದ್ದು ಒಬ್ಬಳೇ, ಕಾವ್ಯ.

ಕಾವ್ಯ ನಾಗವೇಣಿಯ ಮಗಳು, ಪುಟ್ಟ ಹುಡುಗಿ. ನಾಗವೇಣಿ ಕ್ಯಾಸಂಬಳ್ಳಿ ಕಡೆಯವಳು. ಬದುವಿನ ಜಗಳದಲ್ಲಿ ಓರಗಿತ್ತಿಯ ತಲೆಗೆ ಸೌದೆಯಿಂದ ಹೊಡೆದಳೆಂದು ಬಂದಿದ್ದಳು. ಜಾಮೀನಿಗೆ ನಿಲ್ಲಬೇಕಾದವರೆಲ್ಲ ಓರಗಿತ್ತಿಯ ಕಡೆಯ ನೆಂಟರೂ ಆಗಿದ್ದರಿಂದ ಬಿಡುಗಡೆ ತಡವಾಗುತ್ತಿತ್ತು. ಸಣ್ಣ ಮಕ್ಕಳನ್ನು ತಾಯಿಯ ಜೊತೆ ಇರಲು ಬಿಡುತ್ತಾರೆ. ಮನೆಯಲ್ಲಿ ತೆಲುಗು, ಜೈಲಿನಲ್ಲಿ ಕನ್ನಡ, ಗೇಟಿನ ಹತ್ತಿರ ಸೆಲ್ವಂ ಅಣ್ಣನ ತಮಿಳು, ಎಲ್ಲವನ್ನೂ ಕಲಸಿ ಮಾತಾಡುವ ಆ ಹುಡುಗಿಗೆ ಜೈಲೆಂದರೆ ಅಜ್ಜಿ ಚಿಕ್ಕಮ್ಮಂದಿರು ತುಂಬಿರುವ ದೊಡ್ಡ ಮನೆ. ಅಮ್ಮನಿಗೆ ಹಾಗಿರಲಿಲ್ಲ. ಮಗು ನಿದ್ದೆಹೋದ ಮೇಲೆ ನಾಗವೇಣಿ ಗೋಡೆಗೆ ಮುಖಮಾಡಿ ಕೂರುವುದನ್ನು ನಾನು ಎಷ್ಟೋ ಸಲ ನೋಡಿ, ನೋಡದವಳಂತೆ ಹೋಗಿದ್ದೇನೆ.

ಸಾಹೇಬರು ಅಂದು ನನಗೆ ಹೆಚ್ಚೇನೂ ಹೇಳಲಿಲ್ಲ. "ಒಂದೇ ಥರ ಉರಿಯೋದು ತಗೊಳ್ಳಿ" ಎಂದಷ್ಟೇ ಹೇಳಿ ಇನ್ನೊಂದು ಬೂಟು ಹುಡುಕಲು ಹೋದರು. ಸೆಲ್ವಂ ಅಣ್ಣನ ಅಪ್ಪ ಚಿನ್ನದ ಗಣಿಯಲ್ಲಿದ್ದವರು. "ನಮ್ಮಪ್ಪ ತಲೆಗೆ ಲೈಟ್ ಕಟ್ಕೊಂಡು ಗುಂಡಿಗೆ ಇಳೀತಿದ್ದಾರು. ಎರಡು ಕೈಯೂ ಫ್ರೀ. ನೀ ಅದನ್ನ ತಗೋಮ್ಮಾ" ಎಂದರು. ಮಾತು ಹಿಡಿಸಿತು. ತಲೆಗೆ ಕಟ್ಟುವ ದೀಪವೊಂದನ್ನು ತಂದೆ. ಆದರೆ ಗಣಿಯ ಕೆಲಸಗಾರರಿಗೆ ನನ್ನ ಹಾಗೆ ತುರುಬು ಇರಲಿಲ್ಲ. ಟೋಪಿ, ತುರುಬು, ದೀಪದ ಪಟ್ಟಿ ಮೂರೂ ಒಂದೇ ಜಾಗಕ್ಕೆ ಜಗಳವಾಡಿ ದೀಪ ಮೂಗಿನ ಮೇಲೆ ಬಂದು ಕೂರುತ್ತಿತ್ತು. ಅದೂ ಹೋಗಲಿ. ಸಾಹೇಬರು ಮಾತಾಡುವಾಗ ಹೂಂ ಹೂಂ ಎಂದು ತಲೆಯಾಡಿಸುವುದು ನಮ್ಮ ನೌಕರಿಯ ಮುಖ್ಯ ಭಾಗ. ನಾನು ಪ್ರತಿ ಸಲ ಒಪ್ಪಿಕೊಂಡಾಗಲೂ ಬೆಳಕು ಅವರ ಬೂಟಿನಿಂದ ಮುಖಕ್ಕೆ, ಮುಖದಿಂದ ಬೂಟಿಗೆ ಓಡಾಡಿತು. "ಅಮ್ಮಾ, ದಯವಿಟ್ಟು ಒಂದ್ಸಲ ಇಲ್ಲ ಅನ್ನಿ" ಎಂದರು ಸಾಹೇಬರು. ಇಲ್ಲ ಎಂದೆ. ಬೆಳಕು ಅವರ ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಯಿತು.

ಇನ್ನು ಕಣ್ಣಿಂದ ನೋಡದೆ ಕೊಳ್ಳಬಾರದೆಂದು ನಿರ್ಧರಿಸಿ, ರಜೆಯ ದಿನ ಬಂಗಾರಪೇಟೆಯ ಬಜಾರಿನ ಒಂದು ಅಂಗಡಿಗೆ ಹೋದೆ. ಅಂಗಡಿಯವನಿಗೆ ಎಲ್ಲ ಹೇಳಿದೆ. ಜೇಬಿನಲ್ಲಿ ಹಿಡಿಸಬೇಕು, ಒಂದೇ ಗುಂಡಿ, ಒಂದೇ ಬೆಳಕು, ಕಲ್ಲಿನ ಮೇಲೆ ಬಿದ್ದರೂ ಒಡೆಯಬಾರದು, ಪೇಟೆಯಲ್ಲಿ ಸಿಗುವ ಸೆಲ್ಲೇ ಆಗಬೇಕು, ಒಂದು ಮೂಟೆ ಹಿಂಡಿಗಿಂತ ಕಮ್ಮಿ ಇರಬೇಕು. ಕೊನೆಯದು ಅವನಿಗೆ ಅರ್ಥವಾಗಲಿಲ್ಲ. ಮಟಮಟ ಮಧ್ಯಾಹ್ನ, ಬೆಳಕು ಎಷ್ಟಿದೆ ಎಂದು ನೋಡುವುದು ಹೇಗೆ? ಕೌಂಟರಿನ ಕೆಳಗೆ ತಲೆ ಹಾಕಿ, ಮೇಲೆ ಸೆರಗು ಮುಚ್ಚಿಕೊಂಡು ಒಂದೊಂದನ್ನೇ ಹಚ್ಚಿ ನೋಡಿದೆ. ಹೊರಗಿನಿಂದ ಅವನ ದನಿ ಬಂತು. "ಏನಮ್ಮಾ, ಕಂಡ್ತಾ?" ಎದ್ದು ಬಂದು ಒಂದನ್ನು ನೆಲಕ್ಕೆ ಬಿಟ್ಟೆ. ಅವನು ಎದೆ ಹಿಡಿದುಕೊಂಡ.

"ಅಮ್ಮಾ, ಮೆಲ್ಲಗಾ! ತಗೊಳಾಕ್ ಬಂದ್ರೋ ಒಡೆಯಾಕ್ ಬಂದ್ರೋ? ಯಾವ್ ಕೆಲ್ಸಕ್ಕೆ ಇದು?"

"ಜೈಲಿಗೆ."

ಅವನ ಮುಖ ಇಳಿಯಿತು. ದನಿ ತಗ್ಗಿಸಿ, "ಅಯ್ಯೋ ಪಾಪ. ಯಾರಮ್ಮಾ ಒಳಗಿರೋದು?" ಎಂದ.

"ನಾನೇ."

"ಮತ್ತೆ ಯಾವಾಗ್ ಬಿಟ್ರು?"

"ದಿನಾ ಸಾಯಂಕಾಲ ಬಿಡ್ತಾರೆ" ಎಂದೆ. ನಾನು ಚೌಕಾಸಿ ಶುರುಮಾಡುವ ಮೊದಲೇ ಅವನು ಬೆಲೆ ಇಳಿಸಿದ. ನಾನು ವಾರ್ಡರ್ ಎಂದು ತಿಳಿಸಲು ಬಾಯಿ ತೆರೆದವಳು, ಇಳಿದ ಬೆಲೆಯನ್ನು ನೋಡಿ ಮುಚ್ಚಿಕೊಂಡೆ.

ಆ ಟಾರ್ಚು ನಿಜಕ್ಕೂ ಚೆನ್ನಾಗಿತ್ತು. ಬೆರಳುದ್ದ, ಕಪ್ಪು ಲೋಹದ ಮೈ, ಜೇಬಿಗೆ ಸಿಕ್ಕಿಸಲು ಕೊಂಡಿ, ಹಿಂಬದಿಯಲ್ಲಿ ಒಂದು ಗುಂಡಿ. ಒತ್ತಿದರೆ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಎಷ್ಟು ಸುಖ! ಹಗಲಲ್ಲೂ ಅದನ್ನು ಎಲ್ಲರಿಗೂ ತೋರಿಸಿದೆ. ಬೆಳಕು ಅಂಗಳ ದಾಟಿ ಆಚೆ ಗೋಡೆಯ ತುದಿಯವರೆಗೂ ಹೋಗುತ್ತದೆಂದು ಸೆಲ್ವಂ ಅಣ್ಣನಿಗೆ ಎಷ್ಟು ಸಲ ಹೇಳಿದೆನೆಂದರೆ, ನನ್ನನ್ನು ಕಂಡರೆ ಅವರೇ ಮೊದಲು, "ಆಚೆ ಗೋಡೆ ವರೆಗೂ" ಎನ್ನುತ್ತಿದ್ದರು.

ಹಾಗಿರುವಾಗ ಒಂದು ಸಾಯಂಕಾಲ ಮೋಡ ಕವಿದು, ಎಣಿಕೆಗೆ ಮೊದಲೇ ಮಳೆ ಹಿಡಿಯಿತು. ನಾನು ದೊಡ್ಡ ರೇನ್‌ಕೋಟು ಹಾಕಿಕೊಂಡು ಹೆಂಗಸರನ್ನು ಒಳಗೆ ಕರೆಯುತ್ತಿದ್ದೆ. ಕರೆಂಟ್ ಹೋಯಿತು. ಜನರೇಟರ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಆ ಗಡಿಬಿಡಿಯಲ್ಲಿ ನಾಗವೇಣಿ ಕಿರುಚಿದ್ದು ಕೇಳಿಸಿತು. "ಅಕ್ಕಾ, ನನ್ ಮಗ ಇಲ್ಲ! ಕಾವ್ಯ ಇಲ್ಲ ಅಕ್ಕಾ!"

ಹೆಣ್ಣುಮಗುವನ್ನೂ ಮಗ ಎಂದು ಕರೆಯುವುದು ನಮ್ಮ ಕಡೆಯ ಮುದ್ದು. ಆ ದನಿಯಲ್ಲಿ ಮಾತ್ರ ಮುದ್ದಿರಲಿಲ್ಲ. ನನಗೆ ಮೊದಲು ನೆನಪಾದದ್ದು ನೀರಿನ ಸಂಪು. ತೊಳೆಯಲೆಂದು ಅಂದು ಬೆಳಿಗ್ಗೆ ಅದರ ಕಲ್ಲು ಸರಿಸಿದ್ದರು, ಮತ್ತೆ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಓಡಿದೆ. ಕಲ್ಲು ಅರ್ಧ ತೆರೆದೇ ಇತ್ತು. ಬಗ್ಗಿ ಟಾರ್ಚು ಬಿಟ್ಟೆ. ಬೆಳಕು ತಳದವರೆಗೂ ಹೋಯಿತು. ಬರೀ ನೀರು, ಅದರ ಮೇಲೆ ಮಳೆಹನಿ. ಕಲ್ಲನ್ನು ಕಾಲಿನಿಂದ ತಳ್ಳಿ ಮುಚ್ಚಿದೆ.

ಆಮೇಲೆ ಹುಡುಕದ ಜಾಗವಿಲ್ಲ. ಬಚ್ಚಲು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಅಡುಗೆಮನೆಯಲ್ಲಿ ರಾಗಿ ಮೂಟೆಗಳ ಸಂದು. ನಾಗವೇಣಿ ಬೆಳಕು ಬಿದ್ದ ಕಡೆಗೆಲ್ಲ ನನಗಿಂತ ಮುಂದೆ ಓಡಿ, "ಕಾವ್ಯಾ, ರಾವೇ ತಲ್ಲಿ", ಬಾರೇ ತಾಯಿ ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು. ಉಳಿದ ಹೆಂಗಸರು ಕೋಣೆಯ ಬಾಗಿಲಲ್ಲಿ ಗುಂಪಾಗಿ ನಿಂತು ಅವಳ ಜೊತೆ ಕೂಗುತ್ತಿದ್ದರು. ಸಾಹೇಬರು ಬಂದರು. ಸೆಲ್ವಂ ಅಣ್ಣ, "ಗೇಟ್ ದಾಟಿ ಒಂದು ಇಲಿ ಕೂಡ ಓಗಿಲ್ಲ ಸಾರ್, ನಮ್ಮಮ್ಮನ ಮೇಲಾಣೆ" ಎಂದು ಆಣೆ ಮಾಡುತ್ತಿದ್ದರು. ನಾನು ಅವರ ಕಡೆ ತಿರುಗಿದರೆ ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಸಾಹೇಬರ ಕಡೆ ತಿರುಗಿದರೆ ಅವರೂ ಮುಖ ತಿರುಗಿಸಿದರು. "ಕಣ್ಣಿಗೆ ಬಿಡ್ಬೇಡ್ರೀ!" ಯಾರ ಕಡೆ ತಿರುಗಿದರೂ ಅದೇ. ಒಳ್ಳೆಯ ಟಾರ್ಚೆಂದರೆ ಅಂಥದ್ದು.

ಅಷ್ಟರಲ್ಲಿ ಕರೆಂಟ್ ಬಂತು. ಎಲ್ಲರೂ ಕಣ್ಣುಜ್ಜಿಕೊಂಡು ನನ್ನತ್ತ ನೋಡಿದರು. ಆಮೇಲೆ ನನ್ನತ್ತ ಅಲ್ಲ, ನನ್ನ ಹಿಂದಕ್ಕೆ ನೋಡಿದರು. ನಾಗವೇಣಿಯ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ನಾನು ಗಿರಕ್ಕನೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಏಕೆಂದರೆ ನಾನು ತಿರುಗಿದಾಗ ಕಾವ್ಯಳೂ ನನ್ನ ರೇನ್‌ಕೋಟಿನ ಹಿಂದೆಯೇ ತಿರುಗಿದ್ದಳು. ಬಚ್ಚಲಿಗೂ, ಅಡುಗೆಮನೆಗೂ, ಅಂಗಳದ ಉದ್ದಗಲಕ್ಕೂ, ನೆಲದ ಮೇಲೆ ಓಡುವ ಬೆಳಕಿನ ವೃತ್ತವನ್ನು ನೋಡುತ್ತಾ, ನಗು ಹೊರಬಾರದಂತೆ ಬಾಯಿಗೆ ಕೈ ಮುಚ್ಚಿಕೊಂಡು ನನ್ನ ಬೆನ್ನಿಗೇ ಬಂದಿದ್ದಳು. ಎಲ್ಲರೂ ತನ್ನನ್ನೇ ಕೂಗುತ್ತಾ ಆಟವಾಡುತ್ತಿದ್ದಾರೆಂದು ತಿಳಿದಿದ್ದಳು. "ಇಂಕೋಸಾರಿ" ಎಂದಳು. ಇನ್ನೊಂದು ಸಲ ಆಡೋಣ ಅಂತ.

ನಾಗವೇಣಿ ಮೊದಲು ಬೆನ್ನಿಗೊಂದು ಏಟು ಹಾಕಿ, ಆಮೇಲೆ ಅಪ್ಪಿಕೊಂಡು, ಆಮೇಲೆ ಅಳುತ್ತಲೇ ನಗತೊಡಗಿದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ಟೋಪಿ ತೆಗೆದು ನೀರು ಕೊಡವಿಕೊಂಡು ಹೋದರು. ಸೆಲ್ವಂ ಅಣ್ಣ ಮಾತ್ರ ನನ್ನ ಪಕ್ಕ ನಿಂತು ಸಮಾಧಾನವಾಗಿ, "ಟಾರ್ಚ್ ನಲ್ಲಾ ಇದೆಮ್ಮಾ. ಆಚೆ ಗೋಡೆ ವರೆಗೂ" ಎಂದರು.

ಕೆಲವು ವಾರಗಳಲ್ಲಿ ನಾಗವೇಣಿಗೆ ಜಾಮೀನು ಸಿಕ್ಕಿತು. ಕೊನೆಗೆ ಜಾಮೀನಿಗೆ ನಿಂತವಳು, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅದೇ ಓರಗಿತ್ತಿಯ ಅಣ್ಣನ ಹೆಂಡತಿ. ಹಳ್ಳಿಯ ಜಗಳಗಳು ಹೇಗೆ ಹರಿಯುತ್ತವೆಂದು ಕಾನೂನು ಓದಿದವರಿಗೂ ತಿಳಿಯದು. ಕಾವ್ಯ ಎಲ್ಲರಿಗೂ ಕೈ ಬೀಸಿ, ಹೋಗಲು ಮನಸ್ಸಿಲ್ಲದೆ, ಅಮ್ಮನ ಸೊಂಟದ ಮೇಲೆ ಕೂತು ಹೋದಳು. ಅಂದು ಎಣಿಕೆ ಬೇಗ ಮುಗಿಯಿತು. ಅಂಗಳ ಅಷ್ಟೇನೂ ಚೆನ್ನಾಗಿ ಕಾಣಲಿಲ್ಲ.

ಆ ಮಳೆಯ ಸಾಯಂಕಾಲದಿಂದ ನನಗೊಂದು ಅಭ್ಯಾಸ ಬಿದ್ದಿದೆ. ಟಾರ್ಚು ಹತ್ತಿಸಿದ ತಕ್ಷಣ ಮೊದಲು ಬೆನ್ನ ಹಿಂದೆ ತಿರುಗಿಸಿ ನೋಡುತ್ತೇನೆ, ಆಮೇಲೆ ಮುಂದೆ ಹೆಜ್ಜೆ. ಮೊನ್ನೆ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಇದನ್ನು ನಾಲ್ಕೈದು ಸಲ ಗಮನಿಸಿ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ಮೇಡಂ, ಬೇಜಾರ್ ಮಾಡ್ಕೋಬೇಡಿ, ನಿಮ್ಗೆ ದೆವ್ವ ಅಂದ್ರೆ ಎದ್ರಿಕೆನಾ?"

ಇಷ್ಟು ವರ್ಷ ಸರ್ವೀಸ್ ಆದವಳು ಒಂದು ಕ್ಷಣ ಯೋಚಿಸಿದೆ. ನಿಜ ಹೇಳುವುದಕ್ಕಿಂತ ಇದರಲ್ಲೇ ಮರ್ಯಾದೆ ಹೆಚ್ಚೆನಿಸಿತು. "ಹೌದಮ್ಮಾ" ಎಂದೆ, "ತುಂಬಾ."