ಕೊನೆ ಹೆಂಗಿತ್ತು ಹೇಳಿ

ಯಾರಿಗಾದರೂ ಓದಲು ಪುಸ್ತಕ ಕೊಟ್ಟ ಮೇಲೆ ಅದು ಹೇಗಿತ್ತು ಎಂದು ಕೇಳಬಾರದು. ಇದನ್ನು ನಾನು ಪ್ರತಿ ಊರಿನಲ್ಲೂ ಹೊಸದಾಗಿ ಕಲಿಯುತ್ತೇನೆ, ವರ್ಗವಾಗಿ ಮುಂದಿನ ಊರಿಗೆ ಹೋಗಿ ಟೇಬಲ್ಲಿನ ಧೂಳು ಒರೆಸುವಷ್ಟರಲ್ಲಿ ಮರೆಯುತ್ತೇನೆ. ಮರೆತ ಮೇಲೆ ಮತ್ತೆ ಯಾರಾದರೂ ಸಿಕ್ಕೇ ಸಿಗುತ್ತಾರೆ.

ನಾನು ತಾಲ್ಲೂಕು ಕಚೇರಿಯ ಗುಮಾಸ್ತೆ. ಚನ್ನಗಿರಿ ಆಯಿತು, ಹೊನ್ನಾಳಿ ಆಯಿತು, ನ್ಯಾಮತಿ ಆಯಿತು, ಈಗ ಜಗಳೂರು. ನನ್ನ ನಿವೃತ್ತಿಗೆ ಇನ್ನೂ ಸ್ವಲ್ಪ ಸಮಯವಿದೆ, ಮಂಡಿಗಳು ಮಾತ್ರ ಸ್ವಯಂನಿವೃತ್ತಿ ತೆಗೆದುಕೊಂಡಿವೆ.

ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ಒಂದು ಕಾದಂಬರಿ ತಂದು ಓದಿದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಓದಿದ್ದೇನೆ ಎನ್ನುತ್ತೀರಿ. ಅದರಲ್ಲಿ ಹಳ್ಳಿ ಶಾಲೆಯ ಟೀಚರಮ್ಮ ಒಬ್ಬಳು ಕಾಯಿಲೆ ಬಿದ್ದಿರುತ್ತಾಳೆ. ಅವಳನ್ನು ಬಿಟ್ಟುಹೋಗಿದ್ದ ಗಂಡ ಔಷಧಿ ಹಿಡಿದುಕೊಂಡು ಬಹಳ ದೂರದಿಂದ ಬರುತ್ತಾನೆ. ಅವನು ಬಾಗಿಲಿಗೆ ಬಂದಾಗ ಅವಳು ಒಂದು ಸಲ ಕಣ್ಣು ತೆರೆದು ನೋಡುತ್ತಾಳೆ, ಆಮೇಲೆ ಮುಚ್ಚುತ್ತಾಳೆ, ಮತ್ತೆ ತೆರೆಯುವುದಿಲ್ಲ. ಅವಳು ನೋಡಿದ್ದು ಅವನನ್ನೋ ಅಥವಾ ಅವನ ಹಿಂದಿದ್ದ ಖಾಲಿ ಬೀದಿಯನ್ನೋ, ಬರೆದವರು ಹೇಳಿಲ್ಲ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ಎನ್ನುವುದೆಲ್ಲ ಆ ಒಂದು ನೋಟದಲ್ಲಿದೆ. ಇದನ್ನು ಓದಿದ ಇನ್ನೊಬ್ಬರ ಜೊತೆ ಕೂತು ಮನಸಾರೆ ಜಗಳ ಆಡಬೇಕು ಎನ್ನುವುದು ನನ್ನ ಒಂದೇ ಆಸೆ. ನನ್ನ ವಯಸ್ಸಿನವರು ಕಾಶಿಗೆ ಹೋಗಬೇಕು ಅಂದುಕೊಳ್ಳುತ್ತಾರೆ.

ದಾವಣಗೆರೆಯಲ್ಲಿ ಒಂದು ಪುಸ್ತಕದಂಗಡಿ ಮುಚ್ಚುವಾಗ ಆ ಕಾದಂಬರಿಯ ಇಡೀ ಒಂದು ಕಟ್ಟೇ ಸಿಕ್ಕಿತು. ಕಟ್ಟಿದ ದಾರವನ್ನೂ ಯಾರೂ ಬಿಚ್ಚಿರಲಿಲ್ಲ. "ಅಷ್ಟೂ ತಗೊಂಡ್ ಹೋಗ್ರಿ ಮೇಡಂ, ನಿಮಗೆ ಪುಣ್ಯ ಬರ್ತೈತೆ" ಎಂದು ಅಂಗಡಿಯವರು ತಾವೇ ಎತ್ತಿ ಆಟೋದಲ್ಲಿ ಇಟ್ಟರು. ಅವರಿಗೆ ಯಾಕಷ್ಟು ಅವಸರ ಎಂದು ನಾನು ಯೋಚಿಸಲಿಲ್ಲ. ಕಥೆ ನನಗೆ ಬಾಯಿಪಾಠ, ಹಾಗಾಗಿ ತೆರೆದು ನೋಡುವ ಗೋಜಿಗೂ ಹೋಗಲಿಲ್ಲ. ಸಿಕ್ಕಸಿಕ್ಕವರಿಗೆ ಕೊಡಲು ಶುರು ಮಾಡಿದೆ.

ಪಹಣಿ ಪ್ರಸಂಗ

ಚನ್ನಗಿರಿಯಲ್ಲಿದ್ದಾಗ ಬಸವಾಪಟ್ಟಣದ ಕಡೆಯ ಯಜಮಾನರೊಬ್ಬರು ಪಹಣಿಯಲ್ಲಿ ತಮ್ಮ ಹೆಸರು ತಪ್ಪಾಗಿದೆ ಎಂದು ಕಚೇರಿಗೆ ಓಡಾಡುತ್ತಿದ್ದರು. ಕಾಯುವ ಹೊತ್ತಿನಲ್ಲಿ ನನ್ನ ಟೇಬಲ್ಲಿನ ಮೇಲಿದ್ದ ಕಾದಂಬರಿಯನ್ನು ಎತ್ತಿ ತಿರುವಿ ಹಾಕಿದರು.

"ಓದೋ ಅಭ್ಯಾಸ ಇದೆಯಾ?" ಎಂದೆ.

"ಅಯ್ಯೋ, ಉಸಿರೇ ಅದು ಮೇಡಂ" ಎಂದರು. ಕೊಟ್ಟು ಕಳಿಸಿದೆ.

ಮುಂದಿನ ವಾರ ಬಂದವರು ನಾನು ಕೇಳುವ ಮೊದಲೇ ಶುರು ಮಾಡಿದರು. "ಏನ್ ಪುಸ್ತಕ ಮೇಡಂ ಅದು! ಕೊನೆಗಂತೂ ಕಣ್ಣಾಗೆ ನೀರು ಬಂದ್ಬಿಡ್ತು. ನಮ್ಮನೆಯೋರು ಏನಾತೋ ಅಂತ ಗಾಬರಿ ಬಿದ್ದು ಓಡಿ ಬಂದ್ರು."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಹಂಗಾದ್ರೆ ಹೇಳಿ, ಅವಳು ಕೊನೆಗೆ ನೋಡಿದ್ದು ಗಂಡನನ್ನೋ, ಬೀದೀನೋ?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈಕೆಳಗಿದ್ದ ತಮ್ಮ ಫೈಲ್ ನೋಡಿದರು. "ಎರಡನ್ನೂ ನೋಡಿದ್ಲು ಮೇಡಂ. ಕಣ್ಣು ಬಿಟ್ಟ ಮೇಲೆ ನೋಡದಂಗೆ ಇರಾಕೆ ಆಗ್ತೈತಾ?"

ಇದು ಹೊಸ ದೃಷ್ಟಿ ಎಂದುಕೊಂಡು ನಾನು ಎಷ್ಟೋ ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಪಹಣಿ ಸರಿಯಾಗಿ, ಅವರು ಕಚೇರಿ ಕಡೆ ಬರುವುದು ನಿಂತ ಮೇಲೆ, ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಓಡಿಹೋಗಿ ಹಿಡಿದುಕೊಂಡೆ. "ಯಜಮಾನರೇ, ಅವತ್ತು ಆ ಕೊನೆ ಬಗ್ಗೆ ಹೇಳಿದ್ರಲ್ಲ..."

"ಯಾವ ಕೊನೆ ಮೇಡಂ?"

"ಪುಸ್ತಕದ್ದು."

"ಓ, ಅದಾ!" ಎಂದು ಸಮಾಧಾನದಿಂದ ನಕ್ಕರು. "ಪಹಣಿ ಚಿಂತೇಲಿ ಪುಸ್ತಕ ಯಾರು ತೆಗೀತಾರೆ? ಈಗ ಆತಲ್ಲ, ಇನ್ನು ಓದಾಕೆ ಶುರು ಮಾಡ್ತೀನಿ."

ಬಣ್ಣದ ಕಾಗದ

ಹೊನ್ನಾಳಿಗೆ ಹೋದ ಮೇಲೆ ನನ್ನ ಟೇಬಲ್ಲಿನಲ್ಲಿ ಫೈಲ್ ಇರುವವರಿಗೆ ಪುಸ್ತಕ ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ನಮ್ಮ ಬೀದಿಯಲ್ಲೇ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಅವರಿಗೆ ಕಚೇರಿಯಿಂದ ಏನೂ ಆಗಬೇಕಿರಲಿಲ್ಲ, ಮಾತು ಒಂದಿದ್ದರೆ ಸಾಕಿತ್ತು. ಅವರಿಗೆ ಕೊಟ್ಟೆ. ಸಿಕ್ಕಾಗಲೆಲ್ಲ "ನಡೀತಾ ಐತೆ ಮೇಡಂ, ಸವಿದು ಸವಿದು ಓದ್ತಾ ಇದೀನಿ" ಎನ್ನುತ್ತಿದ್ದರು. ಹೋಳಿಗೆಯನ್ನೂ ಯಾರೂ ಅಷ್ಟು ತಿಂಗಳು ಸವಿಯುವುದಿಲ್ಲ.

ಅಷ್ಟರಲ್ಲಿ ನಮ್ಮ ಶಿರಸ್ತೇದಾರರ ಬೀಳ್ಕೊಡುಗೆ ಬಂತು. ಈಗೆಲ್ಲ "ಹಾರ ತುರಾಯಿ ಬೇಡ, ಪುಸ್ತಕ ಕೊಡಿ" ಎಂದು ಹೇಳುವ ರೂಢಿಯಲ್ಲವೇ, ಹಾಗೇ ಹೇಳಿದ್ದರು. ಹೆಡ್‌ಮಾಸ್ತರರೇ ಮುಖ್ಯ ಅತಿಥಿ. ಅವರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ. ಮೈಕ್ ಹಿಡಿದು, ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ಒಂದು ಸಲ ತಲೆ ಬಾಗಿಸಿ ಶುರು ಮಾಡಿದರು. "ಈ ಕಾದಂಬರಿಯನ್ನು ನಮ್ಮ ಮೇಡಂ ನನಗೆ ಕೊಟ್ಟರು. ಮೂರು ಸಲ ಓದಿದೆ. ಸ್ತ್ರೀ ಹೃದಯದ ಆಳ, ಬದುಕಿನ ಸಂಕೀರ್ಣತೆ, ಏನು ಹೇಳಲಿ! ನನಗೆ ಸಿಕ್ಕ ಆ ಸುಖ ನಿಮಗೂ ಸಿಗಲಿ ಅಂತ ಇದನ್ನೇ ನಿಮಗೆ ಕೊಡ್ತಾ ಇದೀನಿ."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನಾಚಿಕೆಯಿಲ್ಲದೆ ಕಣ್ಣೂ ಒರೆಸಿಕೊಂಡೆ. ಶಿರಸ್ತೇದಾರರು ಉತ್ಸಾಹದಿಂದ ವೇದಿಕೆಯ ಮೇಲೇ ಕಾಗದ ಹರಿದರು. ಒಳಗಿನಿಂದ ಬಂದಿದ್ದು ಚುಕ್ಕಿ ರಂಗೋಲಿಯ ಪುಸ್ತಕ. ಪೊಟ್ಟಣ ಕಟ್ಟುವ ಕೆಲಸವನ್ನು ಹೆಡ್‌ಮಾಸ್ತರರು ಮನೆಯಲ್ಲಿ ಹೆಂಡತಿಗೆ ವಹಿಸಿದ್ದರಂತೆ. ಆಕೆ ಕೈಗೆ ಸಿಕ್ಕಿದ್ದನ್ನು ಕಟ್ಟಿದ್ದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರರು ಮಾತ್ರ ಎಳ್ಳಷ್ಟೂ ಅಲುಗಲಿಲ್ಲ. ರಂಗೋಲಿ ಪುಸ್ತಕವನ್ನು ಎತ್ತಿ ಹಿಡಿದು, "ನಾನು ಹೇಳಿದ್ನಲ್ಲ, ಸಂಕೀರ್ಣತೆ ಅಂತ!" ಎಂದರು.

ಖಾಲಿ ಕೊಡಬಾರದು

ನ್ಯಾಮತಿಗೆ ಬರುವ ಹೊತ್ತಿಗೆ ಗಂಡಸರ ಅಭಿಪ್ರಾಯಗಳ ಮೇಲೆ ನನಗೆ ನಂಬಿಕೆ ಹೋಗಿತ್ತು. ಪಕ್ಕದ ಮನೆಯಲ್ಲಿ ಗಟ್ಟಿ ಹೆಂಗಸೊಬ್ಬರಿದ್ದರು. ಮುಖಸ್ತುತಿ ಅವರ ಜಾಯಮಾನದಲ್ಲೇ ಇರಲಿಲ್ಲ. ನನ್ನ ಸಾರು ನೀರಾಗಿದೆ ಎಂದು ಮೊದಲ ವಾರವೇ ಹೇಳಿದ್ದರು. ಇಂಥವರೇ ಬೇಕು ಎಂದು ಪುಸ್ತಕ ಕೊಟ್ಟೆ.

ಒಂದು ಭಾನುವಾರ ಪುಸ್ತಕ ವಾಪಸು ತಂದರು. ನಮ್ಮ ಕಡೆ ಇಸಕೊಂಡ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಪದ್ಧತಿ ಇಲ್ಲ. ಪುಸ್ತಕಕ್ಕೂ ಅದೇ ಕಾನೂನು ಎಂದು ಅವರು ಭಾವಿಸಿ, ಅದರ ಮೇಲೆ ಒಂದು ತಟ್ಟೆ ತುಂಬ ಚಕ್ಕುಲಿ ಇಟ್ಟುಕೊಂಡು ಬಂದಿದ್ದರು. ಬಿಸಿಬಿಸಿ ಚಕ್ಕುಲಿ, ತೂತಿನ ತಟ್ಟೆ, ಎಣ್ಣೆಯೆಲ್ಲ ಪುಸ್ತಕದ ರಟ್ಟಿಗೆ. ನಾನು ಎಣ್ಣೆಯ ಕಡೆ ನೋಡಲಿಲ್ಲ, ಅವರ ಮುಖ ನೋಡಿದೆ.

"ಹೆಂಗಿದೆ, ನಿಜ ಹೇಳಿ" ಎಂದೆ.

"ನಿಜ ಹೇಳ್ಲಾ? ಶುರುವಾತಿಗೆ ಹದ ತಪ್ಪೈತೆ ರೀ."

ನಾನು ಇನ್ನೂ ಹತ್ತಿರ ಸರಿದೆ. ಇಷ್ಟು ವರ್ಷಕ್ಕೆ ಒಬ್ಬರು ಟೀಕೆ ಮಾಡುತ್ತಿದ್ದಾರೆ! "ಹೌದು, ನನಗೂ ಮೊದಲು ಹಂಗೇ ಅನ್ನಿಸಿತ್ತು" ಎಂದೆ.

"ಬಲು ಗಟ್ಟಿ. ಅರ್ಧ ಆದ ಮೇಲೆ ಹಗುರಾತು. ನಡುವೆ ಒಂದಿಷ್ಟು ಮುರಿದು ಹೋತು, ಜೋಡಿಸಾಕೆ ಆಗ್ಲಿಲ್ಲ."

"ಗಂಡ ಬಿಟ್ಟು ಹೋಗ್ತಾನಲ್ಲ, ಆ ಭಾಗ ತಾನೇ?"

ಅವರು ಗಾಬರಿಯಿಂದ ಸುತ್ತ ನೋಡಿದರು. "ಯಾರ ಗಂಡ ರೀ? ಅಂಗಡಿಗೆ ಹೋಗ್ಯಾರೆ, ಈಗ ಬರ್ತಾರೆ. ನಾನು ಚಕ್ಕುಲಿ ಮಾತಾಡ್ತಾ ಇದೀನಿ!"

ಪುಸ್ತಕ? ಅದನ್ನು ಓದಿಲ್ಲವಂತೆ. ಹಿಟ್ಟಿನ ಡಬ್ಬಿಯ ಮೇಲೆ ಭಾರಕ್ಕೆ ಇಟ್ಟಿದ್ದರಂತೆ. "ಅದಕ್ಕೆ ಚಲೋ ಐತೆ" ಎಂದರು. ಅಷ್ಟು ಪ್ರಾಮಾಣಿಕ ವಿಮರ್ಶೆ ಆ ಪುಸ್ತಕಕ್ಕೆ ಅದುವರೆಗೆ ಬಂದಿರಲಿಲ್ಲ.

ಮನೆಯ ವಿಮರ್ಶಕರು

ನಮ್ಮ ಮನೆಯವರಿಗೂ ಒಂದು ಸಲ ಕೊಟ್ಟು ನೋಡಿದೆ. ಮಧ್ಯಾಹ್ನ ಊಟವಾದ ಮೇಲೆ ಎದೆಯ ಮೇಲೆ ತೆರೆದಿಟ್ಟುಕೊಂಡರು. ಎದ್ದಾಗ ಸಂಜೆಯಾಗಿತ್ತು.

"ಹೆಂಗಿತ್ತು?" ಎಂದೆ.

"ಗಾಢವಾಗಿತ್ತು" ಎಂದರು.

ಹಿಂಗಾಲು

ಜಗಳೂರಿಗೆ ಬಂದಾಗ ಒಂದೇ ಪ್ರತಿ ಉಳಿದಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಸಾಕಾಗಿತ್ತು. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಬಂದು ಹೋಗುವುದು, ಮಂಡಿನೋವು, ಕಚೇರಿಯಲ್ಲಿ ಅದೇ ಫೈಲುಗಳು. ಇಷ್ಟು ಊರಿನಲ್ಲಿ ಇಷ್ಟು ಜನ "ಕೊನೆ ಅದ್ಭುತ" ಎಂದಿದ್ದರೂ ಆ ಕೊನೆಯ ಬಗ್ಗೆ ಒಂದು ಮಾತನ್ನೂ ಯಾರ ಜೊತೆಗೂ ಆಡಲಾಗಿರಲಿಲ್ಲವಲ್ಲ ಎಂದು ದುಃಖವಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವಾಗ ಬ್ಯಾಗಿನಿಂದ ಆ ಪ್ರತಿ ಇಣುಕಿತು. ಅಂಗಡಿಯವರು, ಹೆಚ್ಚು ಮಾತಾಡದ ನಡುವಯಸ್ಸಿನವರು, "ಓದಾಕೆ ಕೊಡ್ತೀರಾ?" ಎಂದರು. ಕೊಟ್ಟೆ. ಈ ಸಲ ಏನೂ ಕೇಳಬಾರದು ಎಂದು ನಿಶ್ಚಯಿಸಿದೆ.

ಅವರೂ ಏನೂ ಹೇಳಲಿಲ್ಲ. ಮಾತ್ರೆಗೆ ಹೋದಾಗಲೆಲ್ಲ ನನ್ನನ್ನು ಒಂಥರಾ ನೋಡುತ್ತಿದ್ದರು, ಚೀಟಿ ಕೊಟ್ಟ ಡಾಕ್ಟರ ಮೇಲೇ ಸಂಶಯ ಬಂದವರಂತೆ. ಕೊನೆಗೆ ಒಂದು ಸಂಜೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಬಾಯಿ ಬಿಟ್ಟರು.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಪುಸ್ತಕದಾಗೆ ಒಂದು ಡೌಟ್ ಐತೆ. ಆ ಟೀಚರಮ್ಮಂಗೆ ಔಷಧಿ ಕುಡಿಸ್ತಾರಲ್ಲ, ಹಿಂಗಾಲು ಯಾಕೆ ಹಿಡ್ಕೋಬೇಕು?"

"ಏನು?"

"ಹಿಂಗಾಲು. ಔಷಧಿ ಅಂಗಡಿ ಇಟ್ಟು ಇಷ್ಟು ವರ್ಷ ಆತು, ಹೆಣ್ಮಕ್ಕಳಿಗೆ ಹಂಗೆ ಕುಡಿಸಿದ್ದು ನಾನೆಲ್ಲೂ ಕೇಳಿಲ್ಲ."

ಪುಸ್ತಕ ಕಸಿದುಕೊಂಡು ಕೊನೆಯ ಪುಟಗಳನ್ನು ತೆರೆದೆ. ಬಲಗಡೆಯ ಪುಟದ ತಳದಲ್ಲಿ ನನ್ನ ಪ್ರಾಣದಂಥ ಸಾಲು ಹಾಗೇ ಇತ್ತು: "ಔಷಧಿಯ ಸೀಸೆ ಹಿಡಿದು ಅವನು ಬಾಗಿಲಲ್ಲೇ ನಿಂತ. ಅವಳು ಮೆಲ್ಲಗೆ ಕಣ್ಣು ತೆರೆದು". ಹಾಳೆ ತಿರುಗಿಸಿದೆ. "ಗೋಡೆಗೆ ಒತ್ತಿ ನಿಲ್ಲಿಸಿ, ಒಬ್ಬರು ಹಿಂಗಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡು, ಬಾಯಿ ತೆರೆಸಿ ನಿಧಾನವಾಗಿ ಕುಡಿಸಬೇಕು. ಜಂತುಹುಳು ಬೀಳುವವರೆಗೆ ಮಂದೆಯಿಂದ ದೂರ ಕಟ್ಟಬೇಕು."

ಬೈಂಡಿಂಗ್ ಮಾಡುವಾಗ ಯಾರೋ ಪುಣ್ಯಾತ್ಮರು ಕಾದಂಬರಿಯ ಕೊನೆಯ ಹಾಳೆಗಳ ಬದಲು ಕುರಿ ಸಾಕಣೆಯ ಕೈಪಿಡಿಯ ಹಾಳೆಗಳನ್ನು ಹೊಲಿದುಬಿಟ್ಟಿದ್ದರು. ಇಡೀ ಕಟ್ಟು ಹೀಗೇ ಇದ್ದಿರಬೇಕು, ಅಂಗಡಿಯವರ ಅವಸರ ಈಗ ಅರ್ಥವಾಯಿತು. ಬಸವಾಪಟ್ಟಣದ ಯಜಮಾನರು ಕಣ್ಣೀರು ಹಾಕಿದ್ದು ಜಂತುಹುಳುವಿಗೆ. ಹೆಡ್‌ಮಾಸ್ತರರು ಮೂರು ಸಲ ಓದಿ ಕಂಡ ಸ್ತ್ರೀ ಹೃದಯದ ಆಳ ಕುರಿಯದು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಬಿಪಿ ಏರುವಷ್ಟು ನಕ್ಕೆ. ನಗುತ್ತಾ ನಗುತ್ತಾ ಅಳುವೂ ಬಂತು. ಈ ಮನುಷ್ಯ ಒಬ್ಬರು ಕೊನೆಯವರೆಗೂ ಓದಿದ್ದರು!

ಅಂಗಡಿಯವರು ನೀರು ಕೊಟ್ಟರು. ವಿಷಯ ಏನೆಂದು ಹೇಳಿದೆ. "ಹಂಗಾ!" ಎಂದು ನಿಟ್ಟುಸಿರು ಬಿಟ್ಟರು. "ಗಂಡನ ಮನೆಯೋರು ಕಟ್ಟಿ ಹಾಕಿ ಹಿಂಸೆ ಕೊಡ್ತಾ ಅದಾರೆ ಅಂದ್ಕೊಂಡು ನಂಗೆ ನಿದ್ದೇನೇ ಹತ್ತಿರ್ಲಿಲ್ಲ. ಇರ್ಲಿ ಮೇಡಂ, ನಿಜವಾದ ಕೊನೆ ಏನು, ಹೇಳ್ರಿ."

ನನ್ನನ್ನು ಹೀಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ದಾವಣಗೆರೆ ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು, ನಾನು ಏಳಲಿಲ್ಲ. ಕೌಂಟರಿನ ಮೇಲೆ ಮೊಣಕೈ ಊರಿಕೊಂಡು ಅವನು ನಡೆದು ಬಂದ ದಾರಿ, ಬಾಗಿಲು, ಖಾಲಿ ಬೀದಿ, ಆ ಒಂದು ನೋಟ ಎಲ್ಲವನ್ನೂ ಹೇಳಿದೆ. ಅವರು ಕೆಮ್ಮಿನ ಔಷಧಿ ಕೇಳಿ ಬಂದವರನ್ನೂ ಕೈಸನ್ನೆ ಮಾಡಿ ನಿಲ್ಲಿಸಿ ಕೇಳಿದರು.

"ಈಗ ನೀವೇ ಹೇಳಿ" ಎಂದೆ. "ಅವಳು ನೋಡಿದ್ದು ಅವನನ್ನೋ, ಬೀದಿಯನ್ನೋ?"

"ಅದಿರ್ಲಿ ಮೇಡಂ. ಅವನು ಅಷ್ಟು ದೂರದಿಂದ ಔಷಧಿ ತಂದ್ರೂ ಆಯಮ್ಮ ಉಳೀಲಿಲ್ವಾ?"

"ಇಲ್ಲ."

ಅವರು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಭದ್ರವಾಗಿ ಇಟ್ಟುಕೊಂಡರು.

"ಹಂಗಾದ್ರೆ ಕುರಿದೇ ವಾಸಿ ಬಿಡ್ರಿ ಮೇಡಂ. ಅದ್ರಾಗೆ ಹೊತ್ತಿಗೆ ಸರಿಯಾಗಿ ಔಷಧಿ ಕುಡಿಸಿದ್ರೆ ಒಂದೂ ಸಾಯಂಗಿಲ್ಲ."