ಎರೆ ಹೊಲದಲ್ಲಿ ನನ್ನ ಗೈಡ್ಸ್ ಕ್ಯಾಂಪು

ಕೆಲವರು ಅವಸರಕ್ಕೆ ಒಂದು ಸುಳ್ಳು ಹೇಳಿ ಮರೆತುಬಿಡುತ್ತಾರೆ. ನಾನು ನನ್ನದನ್ನು ನಲವತ್ತು ವರ್ಷ ಸಾಕಿ, ತಿದ್ದಿ, ಆಗಾಗ ಪಾಲಿಶ್ ಮಾಡಿ ಇಟ್ಟುಕೊಂಡಿದ್ದೆ. ಕಾನ್ವೆಂಟಿನಲ್ಲಿ ನಾನು ಗರ್ಲ್ ಗೈಡ್ ಆಗಿದ್ದೆ ಎನ್ನುವುದು ನಿಜ. ನೀಲಿ ಫ್ರಾಕು, ಸ್ಕಾರ್ಫು, ಬಿಳಿ ಕ್ಯಾನ್ವಾಸ್ ಶೂ ಎಲ್ಲವೂ ಇದ್ದವು. ಆದರೆ ಕ್ಯಾಂಪಿಗೆ ಹೋಗುವ ವರ್ಷ ಅಪ್ಪ ಪರ್ಮಿಷನ್ ಕಾಗದಕ್ಕೆ ಸಹಿ ಹಾಕಲಿಲ್ಲ. ಹೆಣ್ಣುಮಕ್ಕಳು ಬಟ್ಟೆಯ ಮನೆಯಲ್ಲಿ ಮಲಗುವುದೆಂದರೇನು ಎಂದರು. ಸೋಮವಾರ ಗೆಳತಿಯರು ಬಂದು ಹೇಳಿದ್ದನ್ನೆಲ್ಲ ಎಷ್ಟು ಗಮನವಿಟ್ಟು ಕೇಳಿದೆನೆಂದರೆ, ಮದುವೆಯಾಗುವ ಹೊತ್ತಿಗೆ ಆ ಕ್ಯಾಂಪಿನ ಲೀಡರ್ ನಾನೇ ಆಗಿಬಿಟ್ಟಿದ್ದೆ.

ನನ್ನ ಯಜಮಾನರ ಊರು ಬ್ಯಾಡಗಿ. ನಾವಿದ್ದದ್ದು ಬೆಂಗಳೂರಿನಲ್ಲಿ, ರಜೆಗೆ ಮಾತ್ರ ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ನನ್ನ ನಾದಿನಿ ಶಾಂತಾಳ ಎದುರು ನಾನು ಯಾವ ಸಬ್ಜೆಕ್ಟಿನಲ್ಲೂ ಪಾಸಾಗುವವಳಲ್ಲ. ನಾನು ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಅವಳು ಹನ್ನೆರಡು ಬಡಿದು, ನನ್ನದನ್ನೂ ರಿಪೇರಿ ಮಾಡುತ್ತಿದ್ದಳು. ಒಂದು ಹಿಡಿ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೆರಡು ಬಿಸಿಲು ಬೇಕು ಎಂದು ಹೇಳುವವಳು. ನನಗೆ ಉಳಿದದ್ದು ಕ್ಯಾಂಪೊಂದೇ. ಆ ಕಥೆ ಶುರುಮಾಡಿದರೆ ಶಾಂತಾ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕೂರುತ್ತಿದ್ದಳು. ಅವಳ ಕೈಗಳು ಸುಮ್ಮನಿದ್ದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಯಜಮಾನರು ತೀರಿಕೊಂಡ ಮೇಲೆ ಮೊದಲ ಸಲ, ಜನವರಿಯಲ್ಲಿ, ಒಬ್ಬಳೇ ಹೋಗಿದ್ದೆ. ಪಡಸಾಲೆಯಲ್ಲಿ ಒಂದು ಹಸಿರು ಗಂಟು ಬಿದ್ದಿತ್ತು. ರಾಣೆಬೆನ್ನೂರಿನಲ್ಲಿರುವ ಅಳಿಯನಿಗೆ ಹೇಳಿ ಶಾಂತಾ ಹುಬ್ಬಳ್ಳಿಯಿಂದ ಟೆಂಟು ತರಿಸಿದ್ದಳು.

“ವೈನಿ, ಇಬ್ಬರಿಗೂ ಅರವತ್ತು ದಾಟಿತು. ಇನ್ನ ಯಾವಾಗ ಕರಕೊಂಡ ಹೋಗ್ತೀರಿ ನನ್ನ?” ಎಂದಳು.

ಗಣಿತದ ಸಿಸ್ಟರ್ ಸರ್‌ಪ್ರೈಸ್ ಟೆಸ್ಟ್ ಎಂದಾಗ ಮಾಡುತ್ತಿದ್ದಂತೆ ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. ಅವಳನ್ನು ಹೆದರಿಸಲೆಂದು, ಹೈಕಿಂಗ್ ಇಲ್ಲದೆ ಕ್ಯಾಂಪಿಂಗ್ ಇಲ್ಲ, ಟೆಂಟು ಹಾಕಲು ಊರಾಚೆಯ ನಮ್ಮ ಹೊಲದವರೆಗೆ ನಡೆದೇ ಹೋಗಬೇಕು ಎಂದು ರೂಲ್ ಹಾಕಿದೆ. ದಿನಾ ಹೊಲಕ್ಕೆ ನಡೆದು ಹೋಗುವವಳಿಗೆ ಇದರಲ್ಲಿ ಹೆದರುವಂಥದ್ದೇನು ಎಂದು ನನಗೆ ಹೊಳೆದದ್ದು ಕಾಗಿನೆಲೆ ರಸ್ತೆ ಹಿಡಿದ ಮೇಲೆ. ನನ್ನ ಬ್ಯಾಗಿನಲ್ಲಿ ಟಾರ್ಚು, ವಿಸಿಲ್, ಹಾಟ್ ವಾಟರ್ ಬ್ಯಾಗ್, ಮೂರು ಸೀರೆ, ಒಂದು ದಪ್ಪ ಡಿಕ್ಷನರಿ ಇದ್ದವು. ಡಿಕ್ಷನರಿ ಏಕೆ ತಂದೆ ಎಂದು ನನಗೂ ಗೊತ್ತಿಲ್ಲ. ಅರ್ಧ ದಾರಿಯಲ್ಲಿ ಶಾಂತಾಳ ತಲೆಯ ಮೇಲೆ ಕಂಬಳಿಗಳನ್ನೂ ಸೇರಿಸಿ ಕಟ್ಟಿದ ಟೆಂಟು, ಅದರ ಮೇಲೆ ನನ್ನ ಬ್ಯಾಗು, ಕೈಯಲ್ಲಿ ಬುತ್ತಿ. ನನ್ನ ಕೈಯಲ್ಲಿ ಛತ್ರಿ.

ಪಕ್ಕದ ಹೊಲದ ಇಮಾಮಸಾಬರು ಟ್ರ್ಯಾಕ್ಟರ್ ನಿಲ್ಲಿಸಿ, ಬಸ್ಸು ತಪ್ಪಿತೇ ಎಂದು ಕೇಳಿದರು. ಸುಮ್ಮನೆ ನಡೆಯುತ್ತಿದ್ದೇವೆ ಎಂದೆ. ಅವರು ಶಾಂತಾಳ ತಲೆಯ ಮೇಲಿನ ಹೊರೆಯನ್ನೂ ನನ್ನ ಛತ್ರಿಯನ್ನೂ ನೋಡಿದರು.

“ಡಾಕ್ಟರ್ ಹೇಳ್ಯಾರೇನ್ರಿ ಅಕ್ಕಾರ?”

ಗಂಟುಗಳ ಕೆಳಗಿನಿಂದ ಶಾಂತಾ ಅಂದಳು: “ಇಲ್ಲಪಾ, ಇದು ಇಂಗ್ಲಿಷ್ ನಡಿಗಿ.”

ಟ್ರೇಲರ್ ಹತ್ತಿರಿ ಎಂದು ಅವರು ಕರೆದದ್ದನ್ನು ನಾನು ಗೈಡ್ಸ್ ಮರ್ಯಾದೆಗಾಗಿ ಬೇಡವೆಂದೆ. ಮುಂದಿನ ಎರಡು ಕಿಲೋಮೀಟರು ನನ್ನ ಹಿಮ್ಮಡಿಗಳು ಆ ಮರ್ಯಾದೆಯ ಬಗ್ಗೆ ಬೇರೆಯದೇ ಅಭಿಪ್ರಾಯ ಇಟ್ಟುಕೊಂಡಿದ್ದವು.

ಹೊಲ ಕಪ್ಪು ಎರೆ ಮಣ್ಣಿನದು. ಚಳಿಗಾಲಕ್ಕೆ ಒಣಗಿ, ಅಂಗೈಯಗಲ ಬಿರುಕು ಬಿಟ್ಟಿತ್ತು. ಟೆಂಟಿನ ಗೂಟ ಹೊಡೆಯಲು ಕಲ್ಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೊದಲ ಗೂಟ ಬಿರುಕಿನೊಳಗೆ ಜಾರಿ ಹೋಯಿತು. ಎರಡನೆಯದನ್ನು ಹಾಕಿ ಅದನ್ನು ಎತ್ತಲು ನೋಡಿದೆ, ಅದೂ ಹೋಯಿತು. ನಾಲ್ಕು ಗೂಟ ಭೂಮಿತಾಯಿಗೆ ಅರ್ಪಿಸಿದ ಮೇಲೆ, ಮೊದಲು ಕ್ಯಾಂಪ್ ಫೈರ್, ಆಮೇಲೆ ಟೆಂಟು, ಅದೇ ಪ್ರಾಪರ್ ಆರ್ಡರ್ ಎಂದು ಘೋಷಿಸಿದೆ. ಶಾಂತಾ ಬಾವಿಗೆ ನೀರು ತರಲು ಹೋಗಿದ್ದಳು. ಬದುವಿನಲ್ಲಿ ಕಿತ್ತು ಒಟ್ಟಿದ್ದ ಒಣ ಕಟ್ಟಿಗೆ ಕಂಡಿತು, ಸಣ್ಣ ಸಣ್ಣ ಕಡ್ಡಿ, ನನಗೆಂದೇ ಇಟ್ಟಂತೆ. ಒಂದೇ ಬೆಂಕಿಕಡ್ಡಿಗೆ ಹತ್ತಿಕೊಂಡಿತು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ಮೇಲೆ ನಂಬಿಕೆ ಬಂತು.

ಅವು ಮೆಣಸಿನಕಾಯಿ ಗಿಡಗಳು. ಆರಿಸಿ ಉಳಿದ ಕಾಯಿಗಳು ಇನ್ನೂ ಅವುಗಳಲ್ಲೇ ನೇತಾಡುತ್ತಿದ್ದವು. ಬ್ಯಾಡಗಿಯಲ್ಲಿ ಹುಟ್ಟಿದ ಮಗುವೂ ಗಾಳಿ ನೋಡದೆ ಅದಕ್ಕೆ ಬೆಂಕಿ ಇಡುವುದಿಲ್ಲ. ಘಾಟು ಹೊಗೆ ಸೀದಾ ಕಣದ ಕಡೆಗೆ ಹೊರಟಿತು. ಅಲ್ಲಿ ಕಾಯಿ ಆರಿಸುತ್ತಿದ್ದ ಆಳು ಹೆಂಗಸರು ಸೆರಗು ಮೂಗಿಗೆ ಹಿಡಿದು ದಿಕ್ಕಿಗೊಬ್ಬರು ಓಡಿದರು. ಮೂರು ತಲೆಮಾರು ಮೆಣಸಿನಕಾಯಿಯ ನಡುವೆ ಬದುಕಿದ ಮನೆತನದ ಶಾಂತಾ ಕೂಡ ಕೊಡ ಕೆಳಗಿಟ್ಟು ಕೆಮ್ಮಿದಳು. ಕೊನೆಗೆ ಅದೇ ಕೊಡದ ನೀರಿನಿಂದ ನನ್ನ ಕ್ಯಾಂಪ್ ಫೈರ್ ಆರಿತು. ಎಲ್ಲರೂ ಬದುವಿನ ಮೇಲೆ ಸಾಲಾಗಿ ಕುಳಿತು ಕಣ್ಣು ಒರೆಸಿಕೊಳ್ಳುವಾಗ, ಆಳುಗಳಲ್ಲಿ ಹಿರಿಯಳಾದ ಗಂಗವ್ವ ತೀರ್ಪು ಕೊಟ್ಟಳು. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ಯಾರದೋ ಕಣ್ಣು ಬಿದ್ದಿದೆ ಎಂದು ಅಲ್ಲಿಯವರ ನಂಬಿಕೆ. ಘಾಟು ಬಂದರೆ ಏನೂ ಆಗಿಲ್ಲ.

“ಅವ್ವಾರ, ನಿಮ್ಮ ಮ್ಯಾಲಂತೂ ಯಾರ ಕಣ್ಣೂ ಬಿದ್ದಿಲ್ಲ ಬಿಡ್ರಿ.”

ಶಾಂತಾ ತಲೆಯಾಡಿಸಿದಳು. “ಅದೇನ್ ಖರೇ ಅಲ್ಲ ಗಂಗವ್ವ. ನಲವತ್ತು ವರ್ಷ ನಂದ ಕಣ್ಣ ಇತ್ತು ಇವರ ಮ್ಯಾಲ.”

ಹೊಗೆಯಿಂದ ಬಂದ ಕಣ್ಣೀರು ಯಾವುದು, ಉಳಿದದ್ದು ಯಾವುದು ಎಂದು ನಾನು ವಿಂಗಡಿಸಲು ಹೋಗಲಿಲ್ಲ. ಆಳುಗಳು ಎದ್ದು ಹೋಗುವವರೆಗೆ ಕಾದು, ನಾನು ಕ್ಯಾಂಪಿಗೆ ಹೋಗಿಯೇ ಇರಲಿಲ್ಲ ಎಂದು ಅವಳಿಗೆ ಹೇಳಿಬಿಟ್ಟೆ.

“ಒಂದ ದಿನಾನೂ?”

“ಒಂದು ದಿನವೂ.”

“ಆ ಹಾಡು? ಟೆಂಟಿನಾಗ ಹಾವು ಬಂದಿದ್ದು?”

“ಹಾಡು ಗೆಳತಿಯರದು. ಹಾವು ನಾನು ಸೇರಿಸಿದ್ದು.”

“ಮತ್ತ ನಾ ಇಷ್ಟ ವರ್ಷ ಹೊಟ್ಟಿ ಉರಕೊಂಡಿದ್ದು ಯಾವುದಕ್ಕ?” ಎಂದು ಎದ್ದಳು. ಮನೆಗೆ ಹೊರಟಳೆಂದುಕೊಂಡೆ. ಅವಳು ಟೆಂಟನ್ನು ಕೊಡವಿ, ಜಮಖಾನೆಯಂತೆ ನೆಲಕ್ಕೆ ಹಾಸಿ, “ಬರ್ರಿ, ಇವತ್ತರ ಮಲಗೋಣಂತ” ಎಂದಳು.

ಬೆಳಗ್ಗೆ ಎದ್ದಾಗ ಇಬ್ಬರ ಕಂಬಳಿಯೂ ಮಂಜಿಗೆ ಒದ್ದೆಯಾಗಿತ್ತು. ಕಣದ ತುಂಬ ಹರಡಿದ ಕೆಂಪಿನ ಮೇಲೆ ಬಿಸಿಲು ನಿಧಾನವಾಗಿ ಬರುತ್ತಿತ್ತು. ಅಪ್ಪ ಅಂದು ಸಹಿ ಹಾಕಿದ್ದರೆ ಹದಿಮೂರು ವರ್ಷಕ್ಕೇ ಇದೆಲ್ಲ ನೋಡುತ್ತಿದ್ದೆನಲ್ಲ ಎಂದು ಸ್ವಲ್ಪ ಸಂಕಟವಾಯಿತು. ಏಳಲು ಹೋದಾಗ ಮೊಣಕಾಲು ಮಡಚಿದಂತೆಯೇ ಉಳಿಯಿತು. ಸಂಕಟ ಅಲ್ಲಿಗೆ ವರ್ಗವಾಯಿತು.

ನಾನು ಬೆಂಗಳೂರಿಗೆ ಬಂದು ತಿಂಗಳಾಗಿರಬೇಕು, ಶಾಂತಾಳ ಫೋನ್ ಬಂತು. ಅವಳ ಮಹಿಳಾ ಮಂಡಳದ ಹನ್ನೊಂದು ಜನ ಕ್ಯಾಂಪಿಗೆ ಹೆಸರು ಕೊಟ್ಟಿದ್ದಾರಂತೆ, ಹಾವೇರಿಯಿಂದಲೂ ಇಬ್ಬರು ಬರುತ್ತಾರಂತೆ. ನಮ್ಮ ವೈನಿ ಗೈಡ್ಸ್ ಲೀಡರ್ ಇದ್ದರು, ಅವರೇ ಕರೆದುಕೊಂಡು ಹೋಗುತ್ತಾರೆ ಎಂದು ಹೇಳಿಬಿಟ್ಟಿದ್ದಳು.

“ಶಾಂತಾ, ನಿನಗೆ ಎಲ್ಲ ಗೊತ್ತಲ್ಲ?” ಎಂದೆ.

“ನನಗ ಗೊತ್ತೈತಿ. ಅವರಿಗೆ ಎಲ್ಲಿ ಗೊತ್ತೈತಿ?”

ಸತ್ಯ ಹೇಳಿ ಹಗುರಾಗುವುದು ಹೇಗಿರುತ್ತದೆಂದು ಒಮ್ಮೆ ನೋಡಿಯಾಗಿತ್ತು. ಎರಡನೇ ಸಲ ಹೇಳುವಷ್ಟು ಒಳ್ಳೆಯವಳು ನಾನಲ್ಲ. ಗಂಟಲು ಸರಿಮಾಡಿಕೊಂಡು, ಲೀಡರಿನ ದನಿಯಲ್ಲಿ, ಯಾರೂ ಎರಡಕ್ಕಿಂತ ಹೆಚ್ಚು ಸೀರೆ ತರಕೂಡದು ಎಂದೆ.